ಸೊಳ್ಳೆಗೊಂದು ತಿದ್ದುಪಡಿ

ಜಗತ್ತಿನ ಅತಿ ಉದ್ದದ ಲಿಖಿತ ಸಂವಿಧಾನ ಯಾವುದು ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನು ಕೇಳಿದರೂ ‘ಭಾರತದ್ದು’ ಎಂಬ ಉತ್ತರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ಅಂಕವೂ ಸಿಗುತ್ತದೆ. ಸಾರ್ವಭೌಮ ದೇಶಗಳ ಪೈಕಿ ಆ ಕಿರೀಟ ನಮ್ಮದೇ. ಆದರೆ ಪ್ರಶ್ನೆಯಿಂದ ‘ದೇಶ’ವನ್ನು ತೆಗೆದುಹಾಕಿದ ಮರುಕ್ಷಣ ಅದು ನಮ್ಮ ತಲೆಯಿಂದ ಜಾರಿ ಅಮೆರಿಕದ ಅಲಬಾಮಾ ಎಂಬ ರಾಜ್ಯದ ತಲೆಯ ಮೇಲೆ ಕೂರುತ್ತದೆ. ಅಮೆರಿಕದ ಒಕ್ಕೂಟ ಸಂವಿಧಾನವು 27 ತಿದ್ದುಪಡಿಗಳೂ ಸೇರಿ ಸುಮಾರು ಏಳೂವರೆ ಸಾವಿರ ಪದಗಳದ್ದು. ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುವ ರಾಜಕಾರಣಿಗಳು ಆ ದೇಶದಲ್ಲಿದ್ದಾರೆ. 1901ರಲ್ಲಿ ಬರೆದು 2022ರವರೆಗೆ ಬಾಳಿಸಿದ ಅಲಬಾಮಾದ ಸಂವಿಧಾನವು ಕೊನೆಗಾಲದಲ್ಲಿ 950ಕ್ಕೂ ಹೆಚ್ಚು ತಿದ್ದುಪಡಿಗಳನ್ನು ಹೊತ್ತು 3,88,000 ಪದಗಳ ಆಸುಪಾಸಿಗೆ ಬಂದು ನಿಂತಿತ್ತು. ಅದನ್ನು ಜೇಬಿನಲ್ಲಿಡಬೇಕೆಂದರೆ ಕೋಟಿನ ಬದಲು ಗೋಣಿಚೀಲ ಹೊಲಿಸಬೇಕು.

ಇಷ್ಟು ಬರೆದವರಿಗೆ ಹೇಳುವುದು ಬಹಳ ಇದ್ದಿರಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ಹೇಳುವುದಿದ್ದದ್ದು ಒಂದೇ ಮಾತು. ಅದನ್ನು ನೇರವಾಗಿ ಹೇಳುವಂತಿರಲಿಲ್ಲ, ಅಷ್ಟೇ.

1901ರ ಮೇ 21ರಂದು ರಾಜಧಾನಿ ಮಾಂಟ್‌ಗೊಮರಿಯಲ್ಲಿ 155 ಪ್ರತಿನಿಧಿಗಳು ಹೊಸ ಸಂವಿಧಾನ ಬರೆಯಲು ಸೇರಿದರು. ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು. ಅಧ್ಯಕ್ಷಸ್ಥಾನದಲ್ಲಿ ಕುಳಿತ ಜಾನ್ ಬಿ. ನಾಕ್ಸ್ ಎಂಬ ವಕೀಲರು ರಾಜಕಾರಣದಲ್ಲಿ ಅಪರೂಪವಾದ ಪ್ರಾಮಾಣಿಕತೆಯಿಂದ ಮಾತನಾಡಿದರು. ನಾವು ಮಾಡಹೊರಟಿರುವುದು ಏನೆಂದು ತಾವೇ ಕೇಳಿ, ಒಕ್ಕೂಟ ಸಂವಿಧಾನ ಹಾಕಿರುವ ಮಿತಿಗಳೊಳಗೆ ಈ ರಾಜ್ಯದಲ್ಲಿ ಬಿಳಿಯರ ಮೇಲಾಳ್ವಿಕೆಯನ್ನು ಸ್ಥಾಪಿಸುವುದೆಂದು ತಾವೇ ಉತ್ತರಿಸಿದರು. ಅದನ್ನು ಬಲಾತ್ಕಾರದಿಂದಲೋ ಮೋಸದಿಂದಲೋ ಮಾಡಬಾರದು, ಕಾನೂನಿನಿಂದಲೇ ಮಾಡಬೇಕು ಎಂಬ ನೀತಿಬೋಧೆಯನ್ನೂ ಸೇರಿಸಿದರು. ಅಲ್ಲಿಯವರೆಗೆ ಮತಪೆಟ್ಟಿಗೆ ಕದ್ದು ಕದ್ದು ದಣಿದಿದ್ದ ಮಹನೀಯರಿಗೆ ಈ ಮಾತು ಎಷ್ಟು ಹಿತವಾಗಿ ಕೇಳಿಸಿತೆಂಬುದನ್ನು ಊಹಿಸಬಹುದು.

ಅಡ್ಡಿ ಇದ್ದದ್ದು 1870ರ 15ನೆಯ ತಿದ್ದುಪಡಿಯದು. ಬಣ್ಣದ ಕಾರಣಕ್ಕೆ ಯಾರ ಮತದಾನದ ಹಕ್ಕನ್ನೂ ಕಸಿಯಕೂಡದು ಎಂದು ಅದು ಹೇಳುತ್ತದೆ. ಹೀಗಾಗಿ ಮತದಾನದ ಅಧ್ಯಾಯದಲ್ಲಿ ಬಣ್ಣದ ಹೆಸರೆತ್ತದೆಯೇ ಕೆಲಸ ಮುಗಿಸಬೇಕಿತ್ತು. ಹೆಸರೆತ್ತದೆ ಬೈಯುವ ಕಲೆ ನಮ್ಮ ಊರುಗಳ ನಲ್ಲಿಕಟ್ಟೆಯಲ್ಲಿ ಬಹಳ ಹಿಂದೆಯೇ ಸಿದ್ಧಿಸಿದೆ. ಆದರೆ ಅದನ್ನು ಕಲಮುಗಳಾಗಿ, ಉಪಕಲಮುಗಳಾಗಿ ಅಚ್ಚು ಹಾಕಿಸಿದ ಕೀರ್ತಿ ಮಾಂಟ್‌ಗೊಮರಿಗೆ ಸಲ್ಲಬೇಕು. ಮತದಾರನಾಗಬೇಕಾದವನು ಅಮೆರಿಕದ ಸಂವಿಧಾನದ ಯಾವುದೇ ವಿಧಿಯನ್ನು ಇಂಗ್ಲಿಷಿನಲ್ಲಿ ಓದಿ ಬರೆಯಬೇಕು ಮತ್ತು ಹಿಂದಿನ 12 ತಿಂಗಳ ಬಹುಪಾಲು ಕೆಲಸದಲ್ಲಿ ಇದ್ದಿರಬೇಕು. ಇಲ್ಲವಾದರೆ 40 ಎಕರೆ ಜಮೀನನ್ನೋ 300 ಡಾಲರ್ ಬೆಲೆಯ ಆಸ್ತಿಯನ್ನೋ ಹೊಂದಿರಬೇಕು. ಗುಲಾಮಗಿರಿ ಕೊನೆಗೊಂಡ 1865ರಲ್ಲಿ, ಬಿಡುಗಡೆಯಾದವರಿಗೆ ತಲಾ 40 ಎಕರೆ ಸಿಗುತ್ತದೆಂಬ ಆಸೆಯನ್ನು ದಕ್ಷಿಣದಲ್ಲಿ ಹುಟ್ಟಿಸಲಾಗಿತ್ತು. ಜಮೀನು ಸಿಗಲಿಲ್ಲ. 36 ವರ್ಷಗಳ ಮೇಲೆ ಅವರನ್ನೇ ನಿಲ್ಲಿಸಿ ‘ಎಲ್ಲಯ್ಯ ನಿನ್ನ 40 ಎಕರೆ?’ ಎಂದು ಕೇಳುವುದಕ್ಕೆ ಒಂದು ಬಗೆಯ ಎದೆಗಾರಿಕೆ ಬೇಕು.

ಓದುಬರಹ ಬಾರದ, ಜಮೀನೂ ಇಲ್ಲದ ಬಿಳಿಯರ ಗತಿಯೇನು ಎಂಬ ಚಿಂತೆ ಸಹಜವಾಗಿ ಎದ್ದಿತು. ಅದಕ್ಕೆ ಅಜ್ಜಂದಿರ ಪುಣ್ಯ ನೆರವಿಗೆ ಬಂತು. ಯುದ್ಧದಲ್ಲಿ ಸೇವೆ ಸಲ್ಲಿಸಿದವರು, ಅವರ ಮಕ್ಕಳು, ಮೊಮ್ಮಕ್ಕಳು 1902ರ ಕೊನೆಯೊಳಗೆ ಬಂದು ಹೆಸರು ಬರೆಸಿಕೊಂಡರೆ ಓದಿನ ಪರೀಕ್ಷೆಯ ಗೊಡವೆಯಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದ ವಿರುದ್ಧವೇ ಬಂದೂಕು ಹಿಡಿದ ಕಾನ್ಫೆಡರೇಟ್ ಸೈನಿಕರೂ ಈ ಪುಣ್ಯವಂತರಲ್ಲಿ ಸೇರಿದ್ದರು. ಅಜ್ಜನೂ ಕೈಕೊಟ್ಟರೆ ‘ಸದ್ಗುಣಿ’ಗಳಿಗೆ ಮತ್ತೊಂದು ಬಾಗಿಲಿತ್ತು. ಗುಣವನ್ನು ತೂಗುವ ತಕ್ಕಡಿ ನೋಂದಣಿ ಅಧಿಕಾರಿಯ ಕೈಯಲ್ಲಿ. ಇಷ್ಟೆಲ್ಲ ದಾಟಿದವನಿಗೆ ವರ್ಷಕ್ಕೆ ಒಂದೂವರೆ ಡಾಲರಿನ ತಲೆಗಂದಾಯ. ಒಂದು ವರ್ಷ ತಪ್ಪಿದರೆ ಬಾಕಿ ಮುಂದಿನ ವರ್ಷಕ್ಕೆ ಸೇರುತ್ತ 36 ಡಾಲರಿನವರೆಗೂ ಬೆಳೆಯುತ್ತಿತ್ತು; ಅದು ತೀರುವವರೆಗೆ ಮತವಿಲ್ಲ. ಸರ್ಕಾರ ಇದನ್ನು ವಸೂಲಿ ಮಾಡಲು ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಕಟ್ಟದಿರಲಿ ಎಂದೇ ಹಾಕಿದ ಕಂದಾಯ ಜಗತ್ತಿನಲ್ಲಿ ಬೇರೆಷ್ಟಿದೆಯೋ!

ಇನ್ನು ಜನರ ಒಪ್ಪಿಗೆ. ಮೋಸ ಬೇಡವೆಂದು ನಾಕ್ಸ್ ಸಾಹೇಬರು ಹೇಳಿದ್ದರಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು. 1901ರ ನವೆಂಬರ್ 11ರಂದು ನಡೆದ ಜನಮತದಲ್ಲಿ ಹೊಸ ಸಂವಿಧಾನದ ಪರವಾಗಿ 1,08,613, ವಿರುದ್ಧವಾಗಿ 81,734 ಮತಗಳು ಬಿದ್ದವು. ರಾಜ್ಯದ ನಡುವೆ ‘ಬ್ಲ್ಯಾಕ್ ಬೆಲ್ಟ್’ ಎಂಬ ಹತ್ತಿ ಬೆಳೆಯುವ ಸೀಮೆಯಿದೆ. ನಮ್ಮ ಎರೆಸೀಮೆಯಂತೆಯೇ ಮಣ್ಣಿನ ಬಣ್ಣದಿಂದ ಅದಕ್ಕೆ ಆ ಹೆಸರು, ಅಲ್ಲಿ ದುಡಿದವರು ಬಹುಪಾಲು ಕಪ್ಪು ಜನ. ಆ ಸೀಮೆಯನ್ನು ಬಿಟ್ಟು ಉಳಿದ ಅಲಬಾಮಾ ಸಂವಿಧಾನವನ್ನು ತಿರಸ್ಕರಿಸಿತ್ತು. ಗೆಲ್ಲಿಸಿದ್ದು ಕಪ್ಪು ಜನರೇ ತುಂಬಿದ್ದ ಜಿಲ್ಲೆಗಳು! ಡಲ್ಲಾಸ್, ಹೇಲ್, ವಿಲ್ಕಾಕ್ಸ್ ಎಂಬ ಮೂರು ಕೌಂಟಿಗಳಲ್ಲಿ ಮತದಾನದ ವಯಸ್ಸಿನ ಬಿಳಿಯ ಗಂಡಸರು ಇದ್ದದ್ದು 5,623. ಸಂವಿಧಾನದ ಪರವಾಗಿ ಅಲ್ಲಿ ಎಣಿಕೆಯಾದ ಮತಗಳು 17,475, ವಿರುದ್ಧ 508. ಅಂದರೆ, ಅಧಿಕೃತ ದಾಖಲೆಯನ್ನು ನಂಬುವುದಾದರೆ, ಸಾವಿರಾರು ಕಪ್ಪು ಪ್ರಜೆಗಳು ಬೆಳಗ್ಗೆ ಎದ್ದು, ಮುಖ ತೊಳೆದು, ಮೈಲುಗಟ್ಟಲೆ ನಡೆದು ಬಂದು, ‘ದಯವಿಟ್ಟು ನಮ್ಮ ಮತದಾನದ ಹಕ್ಕನ್ನು ಕಿತ್ತುಕೊಳ್ಳಿ’ ಎಂದು ಮತ ಹಾಕಿ ಮನೆಗೆ ಹೋದರು. ಮೋಸವನ್ನು ನಿಲ್ಲಿಸುವ ಕಾನೂನನ್ನು ತರಲು ಕೊನೆಯ ಬಾರಿ ಮೋಸ ಮಾಡಬೇಕಾಗಿ ಬಂದ ಆ ಸಜ್ಜನರ ಸಂಕಟ ಯಾರಿಗೂ ಬೇಡ.

ಫಲ ಕೈಗೆ ಬರಲು ತಡವಾಗಲಿಲ್ಲ. 1900ರಲ್ಲಿ ಮತದಾನದ ವಯಸ್ಸಿನ ಕಪ್ಪು ಗಂಡಸರು ರಾಜ್ಯದಲ್ಲಿ 1,81,000ಕ್ಕೂ ಹೆಚ್ಚಿದ್ದರು. 1903ರ ಹೊತ್ತಿಗೆ ಪಟ್ಟಿಯಲ್ಲಿ ಉಳಿದವರು ಮೂರು ಸಾವಿರಕ್ಕಿಂತ ಕಡಿಮೆ. ಎಮ್ಮೆಗೆ ಜ್ವರವೆಂದು ಎತ್ತಿಗೂ ಬರೆ ಬಿತ್ತು: ತಲೆಗಂದಾಯ ಕಟ್ಟಲಾಗದ ಬಡ ಬಿಳಿಯರೂ ಉದುರಿಹೋದರು, ಮತ್ತು 1940ರ ದಶಕದ ಆರಂಭದ ಒಂದು ಅಂದಾಜಿನ ಪ್ರಕಾರ ಮತ ಕಳೆದುಕೊಂಡವರಲ್ಲಿ ಕಪ್ಪು ಜನರಿಗಿಂತ ಬಿಳಿಯರ ಸಂಖ್ಯೆಯೇ ಹೆಚ್ಚಾಗಿತ್ತು. ಅಜ್ಜನ ಪುಣ್ಯ ಎಷ್ಟು ದಿನ ಬರುತ್ತದೆ?

ಮಾಂಟ್‌ಗೊಮರಿಯ ಜಾಕ್ಸನ್ ಗೈಲ್ಸ್ ಎಂಬ ಕಪ್ಪು ಪ್ರಜೆ ಮೂವತ್ತು ವರ್ಷ ಮತ ಹಾಕಿದವರು. 1902ರಲ್ಲಿ ಹೆಸರು ಬರೆಸಲು ಹೋದಾಗ ಅಧಿಕಾರಿಗಳು ಸೇರಿಸಿಕೊಳ್ಳಲಿಲ್ಲ. ಅವರು ಮೊಕದ್ದಮೆ ಹೂಡಿದರು. ಅದರ ಖರ್ಚಿಗೆ ಟಸ್ಕೀಗಿ ಎಂಬ ಊರಿನ ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಯಾರಿಗೂ ತಿಳಿಯದಂತೆ ಹಣ ಕೊಡುತ್ತಿದ್ದರು. 1903ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಅವರ ತರ್ಕವನ್ನು ಎರಡು ಸಲ ಓದಬೇಕು. ಈ ನೋಂದಣಿ ವ್ಯವಸ್ಥೆಯೇ ಪೂರ್ತಿ ವಂಚನೆಯೆಂದು ಅರ್ಜಿದಾರರು ಹೇಳುತ್ತಾರೆ; ಹಾಗಿದ್ದರೆ ಆ ವಂಚನೆಯ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿ ನ್ಯಾಯಾಲಯವೂ ಅದರಲ್ಲಿ ಪಾಲುದಾರನಾಗುವುದು ಹೇಗೆ? ಇದು ರಾಜಕೀಯದ ಅನ್ಯಾಯವಾದ್ದರಿಂದ ಪರಿಹಾರವನ್ನು ರಾಜ್ಯದ ಜನರಿಂದಲೋ ಅಮೆರಿಕದ ಶಾಸಕಾಂಗದಿಂದಲೋ ಪಡೆಯಬೇಕು. ಮತವಿಲ್ಲದವನು ಮತದ ಮೂಲಕ ಮತ ಪಡೆಯಲಿ ಎಂಬ ಈ ಸಲಹೆಯೊಡನೆ ಗೈಲ್ಸ್ ಮನೆಗೆ ಮರಳಿದರು.

ಇಲ್ಲಿಯವರೆಗಿನದು ಕೇವಲ ಬುಡ. ಇನ್ನು ಹನುಮಂತನ ಬಾಲ ಬೆಳೆದ ಕಥೆ. ಹತ್ತಿ ತೋಟದ ಧಣಿಗಳಿಗೂ ಬರ್ಮಿಂಗ್‌ಹ್ಯಾಮಿನ ಕಬ್ಬಿಣದ ಕಾರ್ಖಾನೆಗಳ ಒಡೆಯರಿಗೂ ಇನ್ನೊಂದು ಭಯವಿತ್ತು. ಯಾವುದಾದರೊಂದು ಕೌಂಟಿಯಲ್ಲಿ ಎಂದಾದರೂ ಬಡವರ ಕೈಗೆ ಅಧಿಕಾರ ಸಿಕ್ಕಿ, ಅವರು ಶಾಲೆಗೋ ರಸ್ತೆಗೋ ಆಸ್ತಿ ತೆರಿಗೆ ಏರಿಸಿಬಿಟ್ಟರೆ? ಆದ್ದರಿಂದ ತೆರಿಗೆಗೆ ಸಂವಿಧಾನದಲ್ಲೇ ಮುಚ್ಚಳ ಹಾಕಿದರು; ಕೌಂಟಿಗಳಿಗೆ ಸ್ವಂತ ಆಡಳಿತದ ಅಧಿಕಾರವನ್ನೇ ಕೊಡಲಿಲ್ಲ. ಒಂದು ಕೌಂಟಿಗೆ ಏನಾದರೂ ಸಣ್ಣ ಹೊಸದು ಬೇಕಾದರೆ ಮಾಂಟ್‌ಗೊಮರಿಗೆ ಹೋಗಿ ಶಾಸನಸಭೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಸಂವಿಧಾನ ಅಡ್ಡ ಬಂದರೆ ಎರಡೂ ಸದನಗಳಲ್ಲಿ ಐದರಲ್ಲಿ ಮೂರು ಪಾಲು ಬಹುಮತ, ಆಮೇಲೆ ಜನಮತ, ಆಮೇಲೆ ತಿದ್ದುಪಡಿ.

ಹೀಗೆ ಮೊಬೀಲ್ ಎಂಬ ಕರಾವಳಿ ಕೌಂಟಿಯಲ್ಲಿ (ಕೈಯಲ್ಲಿ ಹಿಡಿಯುವ ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ) ಸೊಳ್ಳೆ ನಿಯಂತ್ರಣಕ್ಕೆ ಸಂವಿಧಾನದ ತಿದ್ದುಪಡಿಯಾಯಿತು. ಲೈಮ್‌ಸ್ಟೋನ್ ಕೌಂಟಿಯಲ್ಲಿ ಸತ್ತ ದನಕರುಗಳನ್ನು ವಿಲೇವಾರಿ ಮಾಡಲು ಇನ್ನೊಂದಾಯಿತು. ದತ್ತಿ ಸಂಸ್ಥೆಗಳು ಬಿಂಗೋ ಆಡಿಸಲು ಕೌಂಟಿಗೊಂದರಂತೆ ಸಾಲುಸಾಲು ತಿದ್ದುಪಡಿಗಳು ಬಂದವು. ಮಾಂಟ್‌ಗೊಮರಿಯಲ್ಲಿ ಕಡತ ಸಾಗುವಾಗ ಸೊಳ್ಳೆಗಳ ಎಷ್ಟು ತಲೆಮಾರು ಕಳೆದವೆಂಬುದನ್ನು ಯಾರೂ ಲೆಕ್ಕವಿಟ್ಟಂತಿಲ್ಲ. ಅವುಗಳಿಗೆ ಅಜ್ಜನ ಪುಣ್ಯದ ಕಲಮೂ ಅನ್ವಯಿಸದು.

2016ರ ನವೆಂಬರಿನ ಮತಪತ್ರವನ್ನು ಗಮನಿಸಬೇಕು. ದೇಶದ ಅಧ್ಯಕ್ಷರಾಗಬೇಕಾದವರು ಡೊನಾಲ್ಡ್ ಟ್ರಂಪರೋ ಹಿಲರಿ ಕ್ಲಿಂಟನ್ನರೋ ಎಂದು ತೀರ್ಮಾನಿಸಿ ಬೆವರೊರೆಸಿಕೊಂಡ ಅಲಬಾಮಾದ ಮತದಾರನ ಮುಂದೆ ಇಡೀ ರಾಜ್ಯಕ್ಕೆ ಸಂಬಂಧಿಸಿದ 14 ತಿದ್ದುಪಡಿಗಳು ಕಾದಿದ್ದವು. ಒಂಬತ್ತನೆಯದು ಪಿಕೆನ್ಸ್ ಎಂಬ ಸಣ್ಣ ಕೌಂಟಿಯ ಪ್ರೊಬೇಟ್ (ಉಯಿಲು ಮುಂತಾದವನ್ನು ನೋಡುವ) ನ್ಯಾಯಾಧೀಶರ ವಯೋಮಿತಿಯನ್ನು 70ರಿಂದ 75ಕ್ಕೆ ಏರಿಸಬಹುದೇ ಎಂಬ ಪ್ರಶ್ನೆ. ಮೊಬೀಲಿನ ಬಂದರಿನಲ್ಲಿ ಹಡಗಿನ ಸರಕು ಇಳಿಸುವವನು, ತಾನು ಕಾಲಿಡದ ಕೌಂಟಿಯಲ್ಲಿ, ತಾನು ಕಂಡಿರದ ನ್ಯಾಯಾಧೀಶರು ಯಾವಾಗ ನಿವೃತ್ತರಾಗಬೇಕೆಂದು ಪೆನ್ನು ಹಿಡಿದು ಯೋಚಿಸಬೇಕಾಯಿತು.

ಸೊಳ್ಳೆಗೂ ತಿದ್ದುಪಡಿ ತಂದ ರಾಜ್ಯ ಮನುಷ್ಯರ ವಿಷಯದಲ್ಲಿ ಮಾತ್ರ ಆತುರ ಪಡಲಿಲ್ಲ. ಬಿಳಿ-ಕಪ್ಪು ಜನರ ಮದುವೆಯ ನಿಷೇಧವನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಹೊಡೆದುಹಾಕಿದ್ದರೂ ಅಲಬಾಮಾ ಅದನ್ನು ತನ್ನ ಪುಸ್ತಕದಿಂದ ಅಳಿಸಿದ್ದು 2000ದಲ್ಲಿ, ಬೇರೆ ಎಲ್ಲ ರಾಜ್ಯಗಳೂ ಅಳಿಸಿದ ಮೇಲೆ. ಆಗಲೂ ಶೇ 40ರಷ್ಟು ಮತದಾರರು ಬೇಡವೆಂದರು. ಬಿಳಿ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂಬ ಸತ್ತ ವಿಧಿಯನ್ನು ಹೂಳಲು 2004ರಲ್ಲಿ ಜನಮತ ಕೇಳಿದರು. ಅದನ್ನು ತೆಗೆದರೆ ಶಿಕ್ಷಣದ ಹಕ್ಕು ಹುಟ್ಟಿಕೊಂಡು, ನ್ಯಾಯಾಲಯಗಳು ಶಾಲೆಗೆಂದು ತೆರಿಗೆ ಏರಿಸಿಯಾವು ಎಂದು ವಿರೋಧಿಗಳು ಹೆದರಿಸಿದರು. ಸುಮಾರು 13.8 ಲಕ್ಷ ಮತಗಳಲ್ಲಿ 1,850 ಮತಗಳ ಅಂತರದಿಂದ ಹೆಣ ಹಾಗೆಯೇ ಉಳಿಯಿತು. 2012ರಲ್ಲಿ ಮತ್ತೆ ಕೇಳಿದರು, ಮತ್ತೆ ಸೋತರು. ಮೇಲ್ನೋಟಕ್ಕೆ ಶುದ್ಧಿ ಮಾಡಿ ಶಿಕ್ಷಣ ಹಕ್ಕಲ್ಲವೆಂಬ 1956ರ ಸಾಲನ್ನು ಉಳಿಸಿಕೊಳ್ಳುವ ಹುನ್ನಾರವಿದೆಂದು ಈ ಸಲ ಕಪ್ಪು ನಾಯಕರೇ ವಿರೋಧಿಸಿದ್ದರು. ದುರ್ವಾಸನೆ ಹೋಗಲಾಡಿಸುವುದಕ್ಕೂ ಅಲ್ಲಿ ತೆರಿಗೆಯ ಲೆಕ್ಕಾಚಾರವಿದೆ.

ಈ ನಡುವೆ ಶೆಲ್ಬಿ ಎಂಬ ಕೌಂಟಿ ವಾಷಿಂಗ್ಟನ್‌ವರೆಗೂ ಹೋಗಿ ಬಂದಿತ್ತು. ಚುನಾವಣೆಯ ನಿಯಮಗಳನ್ನು ಬದಲಿಸಬೇಕಾದರೆ ಒಕ್ಕೂಟ ಸರ್ಕಾರದ ಪೂರ್ವಾನುಮತಿ ಬೇಕೆಂಬ 1965ರ ಕಾಯ್ದೆಯ ಕಟ್ಟುಪಾಡು ತನಗೆ ಅವಮಾನ, ಕಾಲ ಬದಲಾಗಿದೆ, ತನ್ನ ಮೇಲೆ ಯಾರ ಕಣ್ಗಾವಲೂ ಬೇಡ ಎಂದು ವಾದಿಸಿ, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕರಿಂದ ಗೆದ್ದಿತು. ಆ ಗೆಲುವಿನಿಂದ ಹಲವು ರಾಜ್ಯಗಳ ಮೇಲಿದ್ದ ಕಾವಲು ಒಂದೇ ಏಟಿಗೆ ಬಿದ್ದುಹೋಯಿತು.

ಕೊನೆಗೆ 2022ರ ನವೆಂಬರಿನಲ್ಲಿ ಅಲಬಾಮಾದ ಜನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟರು. ಬಣ್ಣದ ಮಾತುಗಳನ್ನೂ ತಲೆಗಂದಾಯವನ್ನೂ ಅದರಿಂದ ಕಿತ್ತುಹಾಕಲಾಗಿದೆ, ತಿದ್ದುಪಡಿಗಳನ್ನು ಕೌಂಟಿವಾರು ಜೋಡಿಸಲಾಗಿದೆ. ಉದ್ದ ಇನ್ನೂ ಮೂರೂವರೆ ಲಕ್ಷ ಪದಗಳಿಗೆ ಮಿಗಿಲು, ಕಿರೀಟಕ್ಕೆ ಧಕ್ಕೆಯಿಲ್ಲ. ತೊಟ್ಟಿಲಿಗೆ ಹಾಕುವ ದಿನವೇ ಕೂಸಿಗೆ ಹತ್ತು ತೇಪೆಗಳನ್ನೂ ಹಚ್ಚಿದರು: ಅದೇ ಮತಪತ್ರದಲ್ಲಿ ಹತ್ತು ತಿದ್ದುಪಡಿಗಳಿದ್ದವು, ಹತ್ತೂ ಗೆದ್ದವು. ಎಂಟನೆಯದು ಖಾಸಗಿ ಒಡೆತನದ ಒಳಚರಂಡಿ ಕೊಳವೆಗಳನ್ನು ರಾಜ್ಯದ ಆಯೋಗವೊಂದರ ಹಿಡಿತಕ್ಕೆ ತರುವ ತಿದ್ದುಪಡಿ. ಆ ಕೊಳವೆಗಳು ಇರುವುದು ಶೆಲ್ಬಿ ಕೌಂಟಿಯಲ್ಲಿ.