ತಟ್ಟಿ ನೋಡುವವರ ಊರಿನಲ್ಲಿ ವಿಮಾನ

ಹಲಸಿನಹಣ್ಣನ್ನು ತಟ್ಟಬೇಕು. ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಟಣ್ ಅನ್ನಿಸಿ ನೋಡಬೇಕು. ಇದೆಲ್ಲ ಸರಿ, ಒಪ್ಪೋಣ. ಆದರೆ ವಿಮಾನದ ರೆಕ್ಕೆಯನ್ನು ಯಾಕ್ರೀ ತಟ್ತೀರಿ?

ಹಾಸನದಂಥ ಊರಲ್ಲಿ ಕಾರಿನ ಶೆಡ್ಡಿನೊಳಗೆ ಕಿಟ್ ವಿಮಾನ, ಅಂದರೆ ಬಿಡಿಭಾಗಗಳಾಗಿ ಬರುವ ಪುಟ್ಟ ವಿಮಾನ, ಜೋಡಿಸಲು ಕೂತವರಿಗೆ ಯಾವ ಕೈಪಿಡಿಯೂ ಹೇಳಿಕೊಡದ ಮೊದಲ ಪಾಠ ಇದು. ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಎಡ ರೆಕ್ಕೆಯ ಮೇಲೆ, ಒಳಗೆ ಪಕ್ಕೆಲುಬಿನ ಹಾಗಿರುವ ಮೂರನೇ ರಿಬ್ಬಿನ ಪಕ್ಕದಲ್ಲೇ, ಸ್ಪಷ್ಟವಾದ ಒಂದು ಹೆಬ್ಬೆಟ್ಟು. ಸಾಲದ ಪತ್ರಕ್ಕೆ ಒತ್ತಿದಷ್ಟು ಚೆನ್ನಾಗಿತ್ತು. ನಿನ್ನೆ ಸಂಜೆ ಬಂದವರು ನಾಲ್ಕೇ ಜನ. ನಾಲ್ವರೂ ತಟ್ಟಿದವರೇ. ಒಬ್ಬರು ಮಾತ್ರ ತಟ್ಟಿ ಸಮಾಧಾನವಾಗದೆ ಒತ್ತಿಯೂ ನೋಡಿದ್ದಾರೆ. ಒತ್ತಿದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: "ಇದು ಬರೀ ತಗಡಲ್ವಾ?"

ಹೌದು ಸ್ವಾಮಿ, ತಗಡೇ. ಕಿಟ್ ಮಾರುವ ವ್ಯಾನ್ಸ್ ಕಂಪನಿಯ ಆರ್‌ವಿ ಮಾದರಿಗಳಲ್ಲಿ 2024-ಟಿ3 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ಜೆನಿತ್ ಕಂಪನಿಯ ಸಿಎಚ್ 750 ಕಿಟ್ಟಿನಲ್ಲಿ 6061-ಟಿ6. ಹೊದಿಕೆಯ ದಪ್ಪ ಬಹಳ ಕಡೆ 0.025 ಇಂಚು, ಅಂದರೆ 0.63 ಮಿಲಿಮೀಟರ್. ಕೆಲವು ಕಡೆ 0.016 ಇಂಚು, ಅಂದರೆ 0.4 ಮಿಲಿಮೀಟರ್. ನೀವು ಮಧ್ಯಾಹ್ನ ಉಂಡ ಸ್ಟೀಲ್ ತಟ್ಟೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತದೆ, ಅದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. 2024ರ ತಗಡಿಗೆ ತುಕ್ಕು ತಡೆಯಲೆಂದು ಎರಡೂ ಕಡೆ ಶುದ್ಧ ಅಲ್ಯೂಮಿನಿಯಂನ ಪೊರೆ ಇರುತ್ತದೆ. ಒಂದೊಂದು ಕಡೆ ದಪ್ಪದ ಶೇಕಡಾ 5ರಷ್ಟು, ಅಂದರೆ 0.03 ಮಿಲಿಮೀಟರ್. ಹವಳದ ಉಂಗುರ ಹಾಕಿಕೊಂಡು ತಟ್ಟುವವರು ಆ ಪೊರೆಯನ್ನು ದಾಟಿ ಒಳಗಿನ ಲೋಹವನ್ನೇ ಮುಟ್ಟಿಬರುತ್ತಾರೆ. ಬೆವರಿನ ಬೆರಳಾದರೆ ಅಲ್ಲಿ ಪ್ರೈಮರ್ ಹಿಡಿಯುವುದಿಲ್ಲ. ಮತ್ತೆ ಅಸಿಟೋನ್, ಮತ್ತೆ ಬಟ್ಟೆ, ಮತ್ತೆ ಉಜ್ಜು.

ಇನ್ನೊಂದು ಜಾತಿಯವರಿದ್ದಾರೆ, ಅವರು ತಟ್ಟುವುದಿಲ್ಲ, ಸುಲಿಯುತ್ತಾರೆ. ತಗಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸಿರುತ್ತಾರಲ್ಲ, ಅದರ ಮೂಲೆ ಸ್ವಲ್ಪ ಎದ್ದಿದ್ದರೆ ಸಾಕು, ಹೊಸ ಫ್ರಿಜ್ಜು ಕಂಡ ಮಗುವಿನ ಹಾಗೆ ಮಾತಾಡುತ್ತಾ ಮಾತಾಡುತ್ತಾ ಅರ್ಧ ಗಜ ಸುಲಿದಿರುತ್ತಾರೆ. ಹಾಗಂತ ಅದನ್ನು ವರ್ಷಗಟ್ಟಲೆ ಬಿಡುವ ಹಾಗೂ ಇಲ್ಲ. ಅಂಟು ಗಟ್ಟಿಯಾಗಿ, ಸಂದಿಗೆ ತೇವ ಸೇರಿ, ಅಡಿಯಲ್ಲೇ ತುಕ್ಕು ಶುರುವಾಗುತ್ತದೆ. ಆ ಲೆಕ್ಕದಲ್ಲಿ ಸುಲಿಯುವವರು ಅರ್ಧ ಉಪಕಾರಿಗಳು.

ತಟ್ಟುವವರ ವಿಷಯಕ್ಕೆ ಬರೋಣ, ಅವರಿಂದ ಕಲಿಯುವುದೂ ಇದೆ. ಸರಿಯಾಗಿ ರಿವೆಟ್ (ತಗಡುಗಳನ್ನು ಬೆಸೆಯುವ ಮೊಳೆ) ಬಿದ್ದ ಹೊದಿಕೆ ತಟ್ಟಿದರೆ ಬಿಗಿಯಾದ ಚರ್ಮವಾದ್ಯದ ಹಾಗೆ ನುಡಿಯುತ್ತದೆ. ತಪ್ಪಾಗಿದ್ದರೆ ಒತ್ತಿದಾಗ 'ಡಬ್' ಅಂತ ಒಳಗೆ ಹೋಗಿ, ಕೈ ಬಿಟ್ಟಾಗ 'ಡಬ್' ಅಂತ ಹೊರಗೆ ಬರುತ್ತದೆ, ಎಣ್ಣೆ ಡಬ್ಬದ ತಳ ಒತ್ತಿದ ಹಾಗೆ. ಕೆಲಸ ಬಲ್ಲವರು ಇದಕ್ಕೆ ಆಯಿಲ್ ಕ್ಯಾನಿಂಗ್ ಅನ್ನುತ್ತಾರೆ. ಕಾರಣ ದೊಡ್ಡದೇನಲ್ಲ. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಸಾಲಾಗಿ ರಿವೆಟ್ ಹೊಡೆದರೆ, ಚಾಪೆ ಹಾಸುವಾಗ ಮಡಿಕೆ ಮುಂದಕ್ಕೆ ಸರಿದ ಹಾಗೆ ತಗಡಿನ ಹೆಚ್ಚುವರಿಯೆಲ್ಲ ಕೊನೆಗೆ ಹೋಗಿ ಉಬ್ಬುತ್ತದೆ. ನಡುವಿನಿಂದ ಅಂಚಿನ ಕಡೆಗೆ ಹೋಗಬೇಕು, ಒಂದು ಬಿಟ್ಟು ಒಂದು ತೂತಿಗೆ ಕ್ಲೀಕೊ ಎಂಬ ತಾತ್ಕಾಲಿಕ ಹಿಡಿಕೆ ಹಾಕಿ ಹಿಡಿದುಕೊಂಡೇ ಹೋಗಬೇಕು. ಬಿಸಿಲೂ ಒಂದು ಕಾರಣ. ಒಂದು ಮೀಟರ್ ಅಲ್ಯೂಮಿನಿಯಂ 10 ಡಿಗ್ರಿ ಬಿಸಿಗೆ ಹತ್ತಿರ ಹತ್ತಿರ ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಮಧ್ಯಾಹ್ನ ಶೆಡ್ಡಿನ ಬಾಗಿಲಿನಿಂದ ಬಿಸಿಲು ಹೊದಿಕೆಗೆ ಬಿದ್ದು, ಒಳಗಿನ ರಿಬ್ಬುಗಳು ನೆರಳಲ್ಲೇ ಇದ್ದರೆ, ಆಗ ಹೊಡೆದ ರಿವೆಟ್ಟು ಸಂಜೆ ತಂಪಿಗೆ ತನ್ನ ಕಥೆ ಹೇಳುತ್ತದೆ.

ಹೀಗೆ ನಾಲ್ಕು ವಾರದ ಕೆಲಸದ ಮೇಲೆ ಯಾರೋ ಬಂದು ಹೆಬ್ಬೆರಳಿಟ್ಟು 'ಡಬ್' ಅನ್ನಿಸಿದಾಗ ಆಗುವ ಸಂಕಟ ಇಡೀ ಕರ್ನಾಟಕದಲ್ಲಿ ಹಾಸನ ಜಿಲ್ಲೆಯವರಿಗೇ ಚೆನ್ನಾಗಿ ಗೊತ್ತಾಗಬೇಕು. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ಮೂರ್ತಿಗೆ ದೋಷವಿದೆ ಅಂತ ಡಂಕಣ ಗಂಧ ಬಳಿದು ತೋರಿಸಿದನಂತೆ. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿಯಿತು, ಒಡೆದರೆ ಕಪ್ಪೆ. ಡಂಕಣನಾದರೂ ಒಂದು ಪದ್ಧತಿ ಪ್ರಕಾರ ಗಂಧ ತೇಯ್ದ. ನಮ್ಮವರು ಕಾಫಿ ಲೋಟ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲೇ ಕಪ್ಪೆ ಹುಡುಕಿಬಿಡುತ್ತಾರೆ.

ಗಟ್ಟಿ ರಿವೆಟ್ಟಿನ ಕಿಟ್ ಆದರೆ ಇನ್ನೊಬ್ಬರ ಕೈ ಬೇಕೇ ಬೇಕು. ಹೊರಗೆ ಒಬ್ಬರು ಗಾಳಿಯ ರಿವೆಟ್ ಗನ್ ಹಿಡಿದು, ಒಳಗೆ ಇನ್ನೊಬ್ಬರು ಬಕಿಂಗ್ ಬಾರ್ ಅನ್ನುವ ಕಬ್ಬಿಣದ ತುಂಡನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯಬೇಕು. ಲೆಕ್ಕ ಸರಳ: ಹೊಡೆಯುವ ಮುಂಚೆ ರಿವೆಟ್ ತನ್ನ ವ್ಯಾಸದ ಒಂದೂವರೆಯಷ್ಟು ಆಚೆ ಚಾಚಿರಬೇಕು. ಹೊಡೆದ ಮೇಲೆ ಆ ಬಾಲ ಚಪ್ಪಟೆಯಾಗಿ ವ್ಯಾಸದ ಒಂದೂವರೆ ಅಗಲ, ಅರ್ಧದಷ್ಟು ಎತ್ತರ ಆಗಬೇಕು. 1/8 ಇಂಚಿನ ರಿವೆಟ್ಟಿಗೆ 4.8 ಮಿಲಿಮೀಟರ್ ಅಗಲ, 1.6 ಎತ್ತರ. ಸಹಾಯಕ್ಕೆ ಸಿಗುವುದು ಸಾಮಾನ್ಯವಾಗಿ ಭಾವಮೈದುನ. "ರೆಡೀನಾ?" ಅಂದರೆ "ಹ್ಞೂಂ" ಅನ್ನುತ್ತಾನೆ. ಅದು ರೆಡಿ ಎಂಬ ಹ್ಞೂಂ ಅಲ್ಲ, ಫೋನಿನಲ್ಲಿ ಯಾರಿಗೋ ಹೇಳಿದ ಹ್ಞೂಂ. ಒಳಗೆ ಕಬ್ಬಿಣವಿಲ್ಲದೆ ಗನ್ ಒತ್ತಿದರೆ ರಿವೆಟ್ ತಲೆ ತಗಡನ್ನೂ ಕರೆದುಕೊಂಡು ಒಳಗೆ ಇಳಿಯುತ್ತದೆ. ಗನ್ ಜಾರಿದರೆ ತಗಡಿನ ಮೇಲೆ ಅರ್ಧಚಂದ್ರದ ಗುರುತು. ವಿಮಾನ ಕಟ್ಟುವವರು ಅದಕ್ಕೆ 'ಸ್ಮೈಲಿ' ಅಂತ ಹೆಸರಿಟ್ಟಿದ್ದಾರೆ. ಆ ಹೊತ್ತಿನಲ್ಲಿ ಇಡೀ ಶೆಡ್ಡಿನಲ್ಲಿ ನಗುವುದು ಅದೊಂದೇ. ಸ್ವಲ್ಪ ಸೊಟ್ಟಗಾದ ರಿವೆಟ್ಟನ್ನು ಹಾಗೇ ಬಿಡುವುದು ಎಷ್ಟೋ ಸಲ ಮೇಲು. ತೆಗೆಯಲು ಹೋದರೆ ತೂತು ದೊಡ್ಡದಾಗಿ ಇನ್ನೂ ಕೆಡುತ್ತದೆ. ಆರ್‌ವಿಯಂಥ ವಿಮಾನಕ್ಕೆ ರಿವೆಟ್ಟುಗಳು ಹತ್ತು ಸಾವಿರದ ಮೇಲೆ ಬೇಕು, ಒಂದೊಂದಕ್ಕೂ ಶೋಕಿಸುತ್ತಾ ಕೂರಲು ಆಗುವುದಿಲ್ಲ.

ಕೈಗೆಲಸ ತಪ್ಪಿದ್ದನ್ನು ಹೇಗೋ ಸರಿ ಮಾಡಬಹುದು, ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಂದ ಮೇಲೆ ತಲೆ ಸರಿ ಮಾಡಿಕೊಳ್ಳುವುದು ಕಷ್ಟ. ಕಿಟ್ಟಿನ ಬೋಲ್ಟುಗಳು ಇಂಚಿನ ಲೆಕ್ಕದವು. ವಿಮಾನದ ಬೋಲ್ಟುಗಳ ಅಳತೆಯಲ್ಲಿ ಏಎನ್3 ಅಂದರೆ 3/16 ಇಂಚು, 4.76 ಮಿಲಿಮೀಟರ್. ಒಂದು ಬೋಲ್ಟ್ ಉರುಳಿ ಶೆಡ್ಡಿನ ಮೂಲೆ ಸೇರಿತು ಅಂದುಕೊಳ್ಳಿ. ಅಂಗಡಿಯವರು 5 ಮಿಲಿಮೀಟರಿನದು ಕೊಟ್ಟು, ಅದು ತೂತಿಗೆ ಹೋಗುವುದಿಲ್ಲ ಅಂದರೆ ಬಹಳ ಪ್ರೀತಿಯಿಂದ "ಸ್ವಲ್ಪ ತೂತು ದೊಡ್ಡ ಮಾಡ್ಕೊಳಿ ಸಾರ್, ಏನಾಗಲ್ಲ" ಅನ್ನುತ್ತಾರೆ. 'ಏನಾಗಲ್ಲ' ಎಂಬ ಮಾತು ನೆಲದ ಮೇಲೆ ಓಡುವ ಎಲ್ಲದಕ್ಕೂ ಸರಿಹೋಗುತ್ತದೆ. ಇಲ್ಲಿ ಏಎನ್3ರ ನಟ್ಟಿಗೆ 20ರಿಂದ 25 ಇಂಚು-ಪೌಂಡ್ ಬಿಗಿ, ಅದಕ್ಕೆ ಬಿಗಿ ಅಳೆಯುವ ಟಾರ್ಕ್ ರೆಂಚೇ ಬೇಕು, "ಕೈಗೆ ಗೊತ್ತಾಗತ್ತೆ" ಅನ್ನುವ ಮೆಕ್ಯಾನಿಕ್ಕಿನ ಕೈ ಅಲ್ಲ. ನೈಲಾನ್ ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿದ್ದರೆ ಎಸೆಯಬೇಕು. ಎಸೆದದ್ದನ್ನು ಯಾರಾದರೂ ಆರಿಸಿ, ಒರೆಸಿ, ವಾಪಸ್ ಡಬ್ಬಕ್ಕೆ ಹಾಕುತ್ತಾರೆ, ಅದೊಂದು ಬೇರೆ ಕಷ್ಟ. ನಂಬರ್ 40ರ ಡ್ರಿಲ್ ಬಿಟ್ಟಿಗೆ ಮಾತ್ರ ಅಂಗಡಿಯ 2.5 ಮಿಲಿಮೀಟರಿನದು ಕೂದಲೆಳೆ ವ್ಯತ್ಯಾಸದಲ್ಲಿ ಹೊಂದುತ್ತದೆ. ನಂಬರ್ 30ಕ್ಕೆ 3.5 ಕೊಟ್ಟರೆ ತಗೋಬೇಡಿ. ಬೇಕಾದ್ದು 3.26.

ಮಳೆ ಹಿಡಿಯಿತೆಂದರೆ ಪೆಟ್ರೋಲ್ ಟ್ಯಾಂಕಿನ ಸಂದಿ ಮುಚ್ಚುವ ಸೀಲಂಟ್ ಕೆಲಸವೇ ಎಲ್ಲಕ್ಕಿಂತ ಕಷ್ಟ. ತೂಕದಲ್ಲಿ ಹತ್ತು ಪಾಲು ಸೀಲಂಟಿಗೆ ಅದನ್ನು ಗಟ್ಟಿಮಾಡುವ ದ್ರವ್ಯ ಒಂದು ಪಾಲು ಬೆರೆಸಬೇಕು, ಅಂದಾಜಿಗಲ್ಲ, ಅಕ್ಕಸಾಲಿಗರ ತಕ್ಕಡಿಯಂಥದರಲ್ಲಿ ತೂಗಿ. ಬೆರೆಸಿದ ಮೇಲೆ ಸುಮಾರು ಎರಡು ಗಂಟೆ ಸಮಯ, ಪುಷ್ಯ ಮಳೆಯ ತೇವಕ್ಕೆ ಅದೂ ಬೇಗ ಗಟ್ಟಿಯಾಗುತ್ತದೆ. ಕಪ್ಪು ಬಣ್ಣ, ಕೆಟ್ಟ ವಾಸನೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ: ಬಾಗಿಲ ಚಿಲಕ, ಕಾಫಿ ಲೋಟದ ಹಿಡಿ, ಮನೆಯವರ ತಾಳ್ಮೆ. ಆಮೇಲೆ ಸೋರುತ್ತದೋ ಇಲ್ಲವೋ ನೋಡಲು ಟ್ಯಾಂಕಿನ ಬಾಯಿಗೆ ಬಲೂನು ಕಟ್ಟಿ ಒಳಗೆ ಮೆಲ್ಲಗೆ ಗಾಳಿ ತುಂಬುವುದು, ಸೋಪಿನ ನೀರು ಸವರಿ ಗುಳ್ಳೆ ಹುಡುಕುವುದು. ಗೇಟಿನಿಂದಲೇ "ಯಾರ ಬರ್ತ್‌ಡೇ?" ಅನ್ನುತ್ತಾರೆ. ಬೆಳಗಿನ ಚಳಿಗೆ ಬಲೂನು ಕುಗ್ಗಿದ್ದನ್ನು ಕಂಡು ಎದೆ ಒಡೆದುಕೊಳ್ಳಬೇಡಿ. ಹತ್ತು ಗಂಟೆ ಬಿಸಿಲಿಗೆ ಮತ್ತೆ ಉಬ್ಬಿದರೆ ಸೋರಿಕೆ ಇಲ್ಲ ಅಂತಲೇ ಅರ್ಥ.

ಆ ಟ್ಯಾಂಕಿಗೆ ಹಾಕುವುದೇನು ಅನ್ನುವುದು ಈಗಿನ ಹೊಸ ತಲೆನೋವು. ಹಗುರ ಕಿಟ್ ವಿಮಾನಗಳಲ್ಲಿ ಬಹಳಷ್ಟಕ್ಕೆ ಕೂರಿಸುವ ರೋಟಾಕ್ಸ್ 912 ಇಂಜಿನ್ನು ಕಾರಿನ ಪೆಟ್ರೋಲನ್ನೇ ಕುಡಿಯುತ್ತದೆ, ಅದರಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇದ್ದರೆ ತಕರಾರಿಲ್ಲ. ಬಂಕುಗಳಲ್ಲಿ ಈಗ 20. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ, ಇಂಜಿನ್ನಿಗೆ ಪೈಪು ಹೋಗುವುದೂ ಆ ತಳದಿಂದಲೇ. ಸ್ಕೂಟರ್ ಕೆಮ್ಮಿದರೆ ರಸ್ತೆ ಪಕ್ಕ ನಿಲ್ಲಿಸಬಹುದು, ಆಕಾಶಕ್ಕೆ ಪಕ್ಕ ಅಂತ ಇರುವುದಿಲ್ಲ.

"ಯಾವಾಗ ಹಾರತ್ತೆ?" ಎಂಬ ಪ್ರಶ್ನೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಗಟ್ಟಿ ರಿವೆಟ್ಟಿನ ಕಿಟ್ಟಿಗೆ 1,500 ಗಂಟೆ ಅಂದರೆ ಉದಾರವೇನಲ್ಲ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ಮದುವೆ ತಿಥಿ ನಾಮಕರಣ ಯಾವುದೂ ಇಲ್ಲದೆ, ಸುಮಾರು ನಾಲ್ಕು ವರ್ಷ. ಕಂಪನಿಯವರು ಬರೆದ ಗಂಟೆಗಳನ್ನು ಇಡ್ಲಿ ಮಿಕ್ಸ್ ಪ್ಯಾಕೆಟ್ಟಿನ 'ಐದೇ ನಿಮಿಷ'ದ ಹಾಗೆ ಓದಬೇಕು. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತನ್ನು ಎಷ್ಟೋ ವರ್ಷದಿಂದ ಕೇಳುತ್ತಾ ಬಂದ ಊರಿದು, ಆದ್ದರಿಂದ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: "ನಿಮ್ಮದು ಮೊದಲೋ, ಅದು ಮೊದಲೋ?" ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ್ದು, 1982ರಿಂದ ಇದೇ ಊರಲ್ಲಿ ಕೂತು ಇಸ್ರೋದವರು 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು ನಿಯಂತ್ರಿಸುತ್ತಿರುವುದು, ಎಲ್ಲ ನೆನಪಿಸಿ "ನೀವಿನ್ನೂ ಬಾಲದಲ್ಲೇ ಇದೀರಾ?" ಅನ್ನುತ್ತಾರೆ. ಬಾಲವನ್ನೇ ಮೊದಲು ಕಟ್ಟುವುದು ಕ್ರಮ. ಅದು ಚಿಕ್ಕದು, ಅಗ್ಗದ್ದು, ಕೆಡಿಸಿದರೂ ಬದುಕಬಹುದು.

ಬಾಗಿಲ ಅಗಲವನ್ನು ಮಾತ್ರ ಇವತ್ತೇ ಅಳೆಯಿರಿ. ಮುಂಬಯಿಯ ಕಾಂದಿವಲಿಯಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ಕೊನೆಗೆ ಕ್ರೇನ್ ತರಿಸಿ ಇಳಿಸಬೇಕಾಯಿತು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ.

ತಟ್ಟುವವರಲ್ಲಿ ವಯಸ್ಸಾದವರೊಬ್ಬರು ಇದ್ದೇ ಇರುತ್ತಾರೆ. ಸಂಜೆ ಎಲ್ಲರೂ ಹೋದ ಮೇಲೆ ನಿಧಾನಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, "ಒಳಗೆ ಕೂರಬಹುದಾ?" ಅನ್ನುತ್ತಾರೆ. ಸೀಟು ಇನ್ನೂ ಬಂದಿರುವುದಿಲ್ಲ, ಒಂದು ಮಣೆ ಹಾಕಿಕೊಡಬೇಕು. ವಿಮಾನ ನಡೆಸುವ ಕಡ್ಡಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿದರೆ ದೂರದ ತುದಿಯಲ್ಲಿ ಏಲೆರಾನ್, ಅಂದರೆ ರೆಕ್ಕೆಯ ಹಿಂದಂಚಿನ ಪಟ್ಟಿ, ಅಲುಗಾಡುತ್ತದೆ, ಅದನ್ನು ತಿರುಗಿ ತಿರುಗಿ ನೋಡುತ್ತಾರೆ. ಶೆಡ್ಡಿನ ತೆರೆದ ಬಾಗಿಲಿನಾಚೆ ತೆಂಗಿನ ಮರ, ನೀರಿನ ಟ್ಯಾಂಕು, ಮೋಡ. ಬಾಯಲ್ಲಿ ಮೆಲ್ಲಗೆ 'ಡುರ್‌ರ್' ಅಂತ ಶಬ್ದ ಬಂದದ್ದು ಅವರಿಗೇ ಗೊತ್ತಾಗುವುದಿಲ್ಲ. ಕಟ್ಟುವವರು ಯಾರೂ ಇದಕ್ಕೆ ನಗುವುದಿಲ್ಲ. ಬಾಗಿಲು ಹಾಕಿಕೊಂಡು ಎಲ್ಲರೂ ಮಾಡಿರುವ ಕೆಲಸವೇ.

ಇಳಿದು, ಚಪ್ಪಲಿ ಮೆಟ್ಟಿಕೊಂಡು, ಹೋಗುವ ಮುಂಚೆ ರೆಕ್ಕೆಯ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆ. ಕೈ ಬೆನ್ನ ಹಿಂದೆ ಕಟ್ಟಿದೆ, ಈ ಸಲ ಬಚಾವಾದೆವು ಅಂದುಕೊಳ್ಳುತ್ತೇವೆ.

ಡಬ್.