ಎರಡು ಮೊಸರು

ಪಕ್ಕದ ಮನೆ ಹುಡುಗನಿಗೂ ಉತ್ತರ ಗೊತ್ತಿಲ್ಲ ಅಂತ ತಿಳಿದ ಭಾನುವಾರದಿಂದ ನನಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತಲೆಗೆ ಹತ್ತತೊಡಗಿತು. ಅದಕ್ಕೂ ಮೊದಲು ಎಂಟು ತಿಂಗಳು ಸುಮ್ನೆ ಒದ್ದಾಡಿದ್ದೆ.

ನನ್ನ ಕೆಲಸ ಕರಡು ತಿದ್ದುವುದು. ವಯಸ್ಸು 51. ಓದಿದ್ದು ಕನ್ನಡ ಬಿ.ಎ. ಕಂಪ್ಯೂಟರ್ ಅಂದರೆ ನನಗೆ ಟೈಪ್ ಮಾಡುವ, ಮೇಲ್ ಕಳಿಸುವ ಪೆಟ್ಟಿಗೆ, ಅಷ್ಟೇ. ಈ ಹುಚ್ಚು ಹಿಡಿದದ್ದು ಅಮ್ಮನಿಂದ. ಅಮ್ಮ ಹೋಗುವಾಗ ನಾಲ್ಕು ನೋಟ್‌ಬುಕ್ ತುಂಬ ಗಾದೆ ಬರೆದಿಟ್ಟು ಹೋಗಿದ್ದರು. ಹಾಲಿನ ಲೆಕ್ಕದ ಮಧ್ಯೆ, ಸೀರೆ ಚೀಟಿಯ ಹಿಂದೆ, ಎಲ್ಲೆಂದರಲ್ಲಿ. ಮೊದಲ ಎರಡು ಪುಸ್ತಕಗಳನ್ನು ತುಂಬ ಹಿಂದೆ ಡಿಟಿಪಿ ಅಂಗಡಿಯಲ್ಲಿ ನುಡಿ ಅನ್ನುವ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆ, ಆಮೇಲೆ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಬದಲಾಯಿಸಿದ್ದಾಯಿತು. ಉಳಿದೆರಡನ್ನು ನಾನೇ ಫೋನಿನಲ್ಲಿ ಟೈಪ್ ಮಾಡಿದೆ. ಒಟ್ಟು 2,600ಕ್ಕೂ ಜಾಸ್ತಿ ಸಾಲು. ಅಮ್ಮ ಒಂದೇ ಗಾದೆಯನ್ನು ಮೂರು ಮೂರು ಸಲ ಬರೆದಿದ್ದರು. ಎರಡನೇ ಸಲ ಬಂದದ್ದನ್ನು ತೆಗೆಯಬೇಕು, ಅಕಾರಾದಿಯಲ್ಲಿ ಜೋಡಿಸಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

‘ಅದಕ್ಕೆ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಸಾಕು’ ಅಂದರು ಯಾರೋ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಸಾಲುಗಳು. ಸರಿ, ಕಲಿಯೋಣ ಅಂತ ದುಡ್ಡು ಕಟ್ಟಿ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿ ಹಂಚಿದ ಹಾಳೆಗಳು ಪೈಥಾನ್ ಎರಡರ ಕಾಲದವು. ಪೈಥಾನ್ ಮೂರು ಬಂದದ್ದು 2008ರಲ್ಲಿ. ಎರಡಕ್ಕೆ 2020ರ ಜನವರಿ 1ರಿಂದ ಬೆಂಬಲವೇ ಇಲ್ಲ. ಹಾಳೆಯಲ್ಲಿದ್ದ ಹಾಗೆ ಪ್ರಿಂಟ್ ಅಂತ ಬರೆದರೆ ಎರರ್. ಮೂರರಲ್ಲಿ ಅದಕ್ಕೆ ಕಂಸ ಹಾಕಬೇಕು ಅಂತ ಹೇಳುವುದಕ್ಕೆ ಮೇಷ್ಟ್ರು ಎರಡು ವಾರ ತಗೊಂಡರು. ಲಿಸ್ಟಿಗೂ ಟಪಲ್‌ಗೂ ಏನು ವ್ಯತ್ಯಾಸ ಅಂತ ಬಾಯಿಪಾಠ ಮಾಡಿಸಿದರು. ನನ್ನ ಗಾದೆಗಳಿಗೂ ಟಪಲ್‌ಗೂ ಏನು ಸಂಬಂಧ ಅಂತ ಕೊನೆತನಕ ಗೊತ್ತಾಗಲಿಲ್ಲ.

ಸಾಲಿನ ಶುರುವಿನಲ್ಲಿ ಜಾಗ ಬಿಡುವ ಗೋಳು ಬೇರೆ. ಒಂದು ಕಡೆ ನಾಲ್ಕು ಸ್ಪೇಸ್, ಇನ್ನೊಂದು ಕಡೆ ಮೂರು ಬಿಟ್ಟರೆ ಪೈಥಾನ್ ಮುನಿಸಿಕೊಳ್ಳುತ್ತದೆ. ಈ ಭಾಷೆಯನ್ನು ಶುರು ಮಾಡಿದವರು ಗೀಡೊ ವಾನ್ ರಾಸಮ್ ಅನ್ನುವ ಡಚ್ಚರು. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಹೋಗಲಿ ಅಂತ ಕೈ ಹಚ್ಚಿ 1991ರಲ್ಲಿ ಹೊರಗೆ ಬಿಟ್ಟರಂತೆ. ರಜೆಯಲ್ಲಿ ಬೇರೆ ಏನಾದರೂ ಮಾಡಬಾರದಿತ್ತೇ ಅಂತ ಆಗ ಎಷ್ಟೋ ಸಲ ಅನ್ನಿಸಿದೆ. ಈಗ ಹಾಗನ್ನಿಸುವುದಿಲ್ಲ. ಕರಡು ತಿದ್ದುವವರಿಗೆ ಪ್ಯಾರಾ ಜಾಗ ಬಿಡುವುದು ಹೊಸದೇನಲ್ಲ.

ಪಕ್ಕದ ಮನೆ ಹುಡುಗ ಸಾಫ್ಟ್‌ವೇರ್ ಕೆಲಸದವನು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನನ್ನ ಒದ್ದಾಟ ನೋಡಿ, ‘ಆಂಟಿ, ಅದೇನು ಮಹಾ, ಕೊಡಿ’ ಅಂತ ಲ್ಯಾಪ್‌ಟಾಪ್ ಎಳೆದುಕೊಂಡು ಕಾಫಿ ಆರುವ ಮೊದಲೇ ಇಪ್ಪತ್ತು ಸಾಲು ಬರೆದುಕೊಟ್ಟ. ಓಡಿತು. ನನಗೆ ಖುಷಿಯೋ ಖುಷಿ. ಮುಂದಿನ ವಾರ ನಾನು ಫೈಲಿನ ಹೆಸರು ಬದಲಾಯಿಸಿದೆ, ನಿಂತುಹೋಯಿತು. ಆ ಇಪ್ಪತ್ತು ಸಾಲಿನಲ್ಲಿ ಹೆಸರು ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮತ್ತೆ ಅವನ ಮನೆ ಬಾಗಿಲು. ಹೀಗೆ ನಾಲ್ಕೈದು ಸಲ ಆಯಿತು. ಅವನಿಗೆ ಬೇಜಾರಿರಲಿಲ್ಲ, ನನಗೇ ನಾಚಿಕೆ.

ನಮ್ಮ ತಂಗಿಯ ಗಂಡ ಬೇರೆ ಥರ. ಅವರೂ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಫೋನ್ ಮಾಡಿ ‘ಓಡ್ತಿಲ್ಲ’ ಅಂದರೆ, ‘ಓಡ್ತಿಲ್ಲ ಅಂದ್ರೆ ಏನು ಅಕ್ಕ? ಕೊನೇ ಸಾಲು ಓದಿ’ ಅನ್ನುತ್ತಾರೆ. ಎರರ್ ಬಂದಾಗ ಪರದೆ ತುಂಬ ಕೆಂಪು ಅಕ್ಷರ ಬರುತ್ತದಲ್ಲ, ನಾನು ಮೇಲಿನಿಂದ ಓದಿ ಹೆದರುತ್ತಿದ್ದೆ. ಪೈಥಾನ್‌ನಲ್ಲಿ ಅದನ್ನು ಕೆಳಗಿನಿಂದ ಓದಬೇಕು. ಏನಾಯಿತು ಅಂತ ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಾಯಿತು ಅಂತ ಅದರ ಮೇಲೆ. ಒಂದು ದಿನ ಕೊನೆಯ ಸಾಲಿನಲ್ಲಿ ‘ಚಾರ್‌ಮ್ಯಾಪ್’ ಅಂತ ಇತ್ತು. ಓದಿದ ಕೂಡಲೇ ಅವರು, ‘ವಿಂಡೋಸಾ ಅಕ್ಕ?’ ಅಂದರು. ಕವಡೆ ಹಾಕಿ ಹೇಳಿದ ಹಾಗೆ!

ವಿಷಯ ಇಷ್ಟೇ. ಫೈಲ್ ಯಾವ ಲಿಪಿ ಸಂಕೇತದಲ್ಲಿದೆ ಅಂತ ನಾವು ಹೇಳದಿದ್ದರೆ, ವಿಂಡೋಸ್‌ನಲ್ಲಿ ಪೈಥಾನ್ ಅದನ್ನು ಯೂರೋಪಿನ ಭಾಷೆಗಳಿಗೆ ಮಾಡಿದ ಹಳೆಯ ಪಟ್ಟಿ ಇಟ್ಟುಕೊಂಡು ಓದಲು ಹೋಗುತ್ತದೆ. ನಮ್ಮ ಉಕಾರದ ಕೊಂಬು, ಅರ್ಧಾಕ್ಷರದ ಗುರುತು, ಇವನ್ನು ಕಂಪ್ಯೂಟರ್ ಉಳಿಸಿಡುವ ಸಂಖ್ಯೆಗಳಲ್ಲಿ, ಅಂದರೆ ಬೈಟ್‌ಗಳಲ್ಲಿ ಆ ಪಟ್ಟಿಗೆ ಗೊತ್ತಿಲ್ಲದವು ಸಿಗುತ್ತವೆ. ಕೊಂಬಿಲ್ಲದ ಕನ್ನಡ ಎಲ್ಲಿದೆ ಹೇಳಿ? ಫೈಲ್ ತೆರೆಯುವ ಸಾಲಿನಲ್ಲಿ ಯೂನಿಕೋಡ್‌ನ ಸಂಕೇತವಾದ ಯುಟಿಎಫ್-8 ಅಂತ ಹೇಳಿದರೆ ಮುಗಿಯಿತು. ಅವರು ಬರೆದುಕೊಡಲಿಲ್ಲ. ‘ಓಪನ್ ಅಂತ ಇದೆಯಲ್ಲ, ಅದರ ಕಂಸದೊಳಗೆ ಏನೇನು ಹಾಕಬಹುದು ನೋಡಿ’ ಅಂತ ಫೋನಿಟ್ಟರು. ಆವತ್ತು ಕೋಪ ಬಂತು. ಆದರೆ ಆ ಸಾಲು ಇವತ್ತಿಗೂ ಮರೆತಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಹುಡುಗನ ಸ್ಕ್ರಿಪ್ಟ್ ಎರಡೆರಡು ಸಲ ಬಂದ ಗಾದೆಗಳನ್ನು ತೆಗೆಯುತ್ತಿತ್ತು. ಆದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಎರಡು ಸಲ ಹಾಗೇ ಉಳಿದದ್ದು ನನ್ನ ಕಣ್ಣಿಗೆ ಬಿತ್ತು. ಒಂದಕ್ಷರ ವ್ಯತ್ಯಾಸವಿಲ್ಲ. ಇಪ್ಪತ್ತೈದು ವರ್ಷ ಕರಡು ತಿದ್ದಿದ ಕಣ್ಣು ನನ್ನದು, ಕನ್ನಡಕ ಒರೆಸಿ ಒರೆಸಿ ನೋಡಿದೆ. ಹುಡುಗನನ್ನು ಕರೆದೆ. ಬಂದ, ನೋಡಿದ, ‘ಕೊನೇಲಿ ಸ್ಪೇಸ್ ಇರತ್ತೆ ಬಿಡಿ ಆಂಟಿ’ ಅಂದ. ಸ್ಪೇಸ್ ತೆಗೆದ. ಹೋಗಲಿಲ್ಲ. ಸುಮ್ಮನಾದ. ತಲೆ ಕೆರೆದುಕೊಂಡ. ‘ಗೊತ್ತಾಗ್ತಿಲ್ಲ’ ಅಂದ.

ಎಂಟು ತಿಂಗಳಲ್ಲಿ ನಾನು ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಮುಂದಿನ ಒಂದು ಗಂಟೆ ಅವನ ಪಕ್ಕ ಕೂತು ಕಂಡದ್ದು ಯಾವ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ.

ಮೊದಲು ಅವನು 2,600 ಸಾಲು ಬದಿಗಿಟ್ಟ. ಹೊಸ ಫೈಲ್ ತೆಗೆದು ಆ ಎರಡು ಸಾಲು ಮಾತ್ರ ಹಾಕಿದ. ಎರಡೂ ಒಂದೇನಾ ಅಂತ ಪೈಥಾನ್‌ಗೆ ಕೇಳಿದ. ಅಲ್ಲ ಅಂತು. ಸಾಲನ್ನು ಪದಗಳಾಗಿ ಒಡೆದ. ‘ಕೈ’ ಒಂದೇ. ‘ಕೆಸರಾದರೆ’ ಒಂದೇ. ‘ಬಾಯಿ’ ಒಂದೇ. ‘ಮೊಸರು’ ಬೇರೆ! ಮೂರು ಪದ ಕಸಕ್ಕೆ, ಮೊಸರು ಮಾತ್ರ ಉಳಿಯಿತು. ಅದರ ಉದ್ದ ಕೇಳಿದ. ಒಂದು ಮೊಸರಿಗೆ 5, ಇನ್ನೊಂದು ಮೊಸರಿಗೆ 6. ಅವನಿಗೂ ಆಶ್ಚರ್ಯ. ಒಂದೊಂದು ಅಕ್ಷರಕ್ಕೂ ಯೂನಿಕೋಡ್ ಸಂಖ್ಯೆ ಏನು ಅಂತ ಅಚ್ಚು ಹಾಕಿಸಿದ. ಒಂದರಲ್ಲಿ ‘ಮ’ ಆದಮೇಲೆ 3274. ಇನ್ನೊಂದರಲ್ಲಿ 3270, ಆಮೇಲೆ 3266.

‘ಇವೇನು ಆಂಟಿ?’ ಅಂತ ಅವನು ನನ್ನನ್ನು ಕೇಳಿದ. ಆ ಸಂಖ್ಯೆಗಳ ಅಕ್ಷರ ಒಂದೊಂದಾಗಿ ತೋರಿಸಿದ. ನನಗೆ ನಗು ಬಂತು. 3270 ಏತ್ವ. 3266 ಕೊಂಬಿನ ಇಳಿ. 3274 ಓತ್ವ. ಒಂದನೇ ಕ್ಲಾಸಿನ ಕಾಗುಣಿತ! ಏತ್ವ ಬರೆದು ಕೊಂಬಿನ ಇಳಿ ಎಳೆದರೆ ಓತ್ವ ಅಲ್ವಾ? ಡಿಟಿಪಿ ಅಂಗಡಿಯಿಂದ ಬಂದ ಮೊಸರಿನಲ್ಲಿ ಅವೆರಡೂ ಬಿಡಿಬಿಡಿಯಾಗಿ ಉಳಿದಿದ್ದವು. ಫೋನಿನ ಮೊಸರಿನಲ್ಲಿ ಕೂಡಿಕೊಂಡು ಒಂದಾಗಿದ್ದವು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಇಷ್ಟು ಗೊತ್ತಾದಮೇಲೆ ಅವನು ಹುಡುಕಿದ. ಮೊದಲೇ ಹುಡುಕಲಿಲ್ಲ, ಇದನ್ನು ಗಮನಿಸಿ. ಏನು ಕೇಳಬೇಕು ಅಂತ ಗೊತ್ತಾದಮೇಲೆ ಹುಡುಕಿದ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲಿನಲ್ಲಿ ನಾರ್ಮಲೈಸ್ ಅಂತ ಇದೆ. ಇಂಥ ಜೋಡಿಗಳನ್ನೆಲ್ಲ ಒಂದೇ ರೂಪಕ್ಕೆ ತರುತ್ತದೆ. ಒಂದು ಸಾಲು. ಎರಡು ಮೊಸರು ಒಂದಾದವು. ಹಾಗೇ ಇನ್ನೂ ಹಲವಾರು ಗಾದೆಗಳು ಜೋಡಿ ಕಳೆದುಕೊಂಡವು.

ನನ್ನ ವಾದ ಇಷ್ಟೇ. ಅನುಭವಸ್ಥರು ತಮಗೆ ಗೊತ್ತಿರುವುದನ್ನು ಹೇಳಿಕೊಡುವಾಗ ನಮಗೆ ಸಿಗುವುದು ಉತ್ತರ ಮಾತ್ರ. ಅವರಿಗೆ ಗೊತ್ತಿಲ್ಲದ್ದು ಎದುರಾದಾಗ ಪಕ್ಕದಲ್ಲಿ ಕೂತಿರಬೇಕು. ನಾನು ಅಂದುಕೊಂಡಿದ್ದೆ, ಇವರಿಗೆಲ್ಲ ಎಲ್ಲವೂ ನೆನಪಿರುತ್ತದೆ, ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ವಯಸ್ಸಾಯಿತು ಅಂತ. ಇಲ್ಲ. ಅವನಿಗೂ ನೆನಪಿರುವುದಿಲ್ಲ. ಅವನಿಗೆ ಹೆದರಿಕೆ ಇಲ್ಲ, ಮತ್ತು ಸಮಸ್ಯೆಯನ್ನು ಸಣ್ಣದು ಮಾಡುತ್ತಾ ಹೋಗುವ ರೂಢಿ ಇದೆ. ಬಚ್ಚಿಟ್ಟುಕೊಂಡ ಇಲಿಯನ್ನು ಹಿಡಿಯಲು ಒಂದೊಂದೇ ಕೋಣೆಯ ಬಾಗಿಲು ಹಾಕುತ್ತಾ ಬರುವುದಿಲ್ಲವೇ, ಹಾಗೆ.

ನನ್ನ ಸರದಿ ಒಂದು ತಿಂಗಳ ನಂತರ ಬಂತು. ಗಾದೆಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸೋಣ ಅಂದುಕೊಂಡೆ. ಪುಸ್ತಕದಲ್ಲಿದ್ದ ಹಾಗೆ, ನಮೂನೆ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಳಸಿ, ಪದ ಹುಡುಕುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹಾಕಿದೆ. ಬಂದ ಪಟ್ಟಿ ನೋಡಿ ತಲೆ ತಿರುಗಿತು. ‘ಕನ್ನಡ’ ಒಡೆದು ‘ಕನ’, ‘ನಡ’ ಅಂತ ಎರಡಾಗಿತ್ತು. ‘ಬೆಂಗಳೂರು’ ಮೂರು ಚೂರು: ಬ, ಗಳ, ರ. ಮೊದಲಾಗಿದ್ದರೆ ಬಾಗಿಲು ತಟ್ಟುತ್ತಿದ್ದೆ. ಈ ಸಲ ಹೊಸ ಫೈಲ್ ತೆಗೆದೆ. ಒಂದೇ ಪದ ಹಾಕಿದೆ. ‘ಕಮಲ’ ಕೊಟ್ಟೆ, ಸರಿಯಾಗಿ ಬಂತು. ‘ಕಮಲಿ’ ಕೊಟ್ಟೆ, ‘ಕಮಲ’ ಬಂತು! ಗುಡಿಸು ಮಾಯ. ಅಂದರೆ ಸ್ವರ ಮತ್ತು ತಲೆಕಟ್ಟಿನ ಅಕ್ಷರ ಮಾತ್ರ ಅದರ ಲೆಕ್ಕದಲ್ಲಿ ಅಕ್ಷರ. ಗುಡಿಸು, ಕೊಂಬು, ಏತ್ವ, ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು, ಸೊನ್ನೆ, ಯಾವುದೂ ಅಲ್ಲ. ಇನ್ನೊಂದು ತಮಾಷೆ: ಪೂರ್ತಿ ಅಕ್ಷರಗಳೇ ಇವೆಯಾ ಅಂತ ಕೇಳುವ ಈಸ್‌ಆಲ್ಫಾ ಅನ್ನುವುದಿದೆ. ‘ಕಮಲ’ಕ್ಕೆ ಹೌದು ಅನ್ನುತ್ತದೆ, ‘ಕನ್ನಡ’ಕ್ಕೆ ಇಲ್ಲ ಅನ್ನುತ್ತದೆ.

ಇದನ್ನು ತಗೊಂಡು ಹೋಗಿ ನಮ್ಮ ವಾಕಿಂಗ್ ಗುಂಪಿನ ಒಬ್ಬ ಮೇಡಂಗೆ ತೋರಿಸಿದೆ. ನಿವೃತ್ತರಾದವರು, 90ರ ದಶಕದಲ್ಲಿ ಪರ್ಲ್ ಬರೆದವರು. ಪರ್ಲ್ ಗೊತ್ತಲ್ಲ, 1987ರಲ್ಲಿ ಲ್ಯಾರಿ ವಾಲ್ ಮಾಡಿದ ಸ್ಕ್ರಿಪ್ಟಿಂಗ್ ಭಾಷೆ. ಲ್ಯಾರಿ ವಾಲ್ ಭಾಷಾವಿಜ್ಞಾನ ಓದಿದವರು. ಮೇಡಂ ನೋಡಿ, ‘ನಮ್ಮ ಪರ್ಲ್‌ನಲ್ಲಿ ಹೀಗೆ ಆಗಲ್ಲಮ್ಮ, ಅಲ್ಲಿ ಗುಣಿತದ ಗುರುತೂ ಪದದ ಭಾಗಾನೇ’ ಅಂತ ಎದೆಯುಬ್ಬಿಸಿ ಹೇಳಿದರು. ತವರಿನ ಹೆಮ್ಮೆ! ಆಮೇಲೆ, ‘ನೀನು ಸರಿಯಾಗಿ ಕೇಳಿದ್ದಕ್ಕೆ ಹೇಳೋಕಾಯ್ತು. ಬರ್ತಾ ಇಲ್ಲ ಅಂತ ಬಂದಿದ್ರೆ ನನಗೂ ಅರ್ಧ ದಿನ ಹೋಗ್ತಿತ್ತು’ ಅಂದರು. ಕನ್ನಡದ ಅಕ್ಷರಗಳು ಯೂನಿಕೋಡ್‌ನಲ್ಲಿ 3200ರಿಂದ 3327ರ ಒಳಗಿವೆ. ಆ ವ್ಯಾಪ್ತಿಯಲ್ಲಿರುವುದೆಲ್ಲ ಪದ ಅಂತ ನಾವೇ ಹೇಳಿದರಾಯಿತು. ‘ಫೇಸ್‌ಬುಕ್’ ಅಂತ ಬರೆಯುವಾಗ ‘ಸ್’ ಮತ್ತು ‘ಬು’ ಅಂಟದಂತೆ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತಿರುತ್ತದೆ, 8204, ಅದನ್ನೂ ಸೇರಿಸಿಕೊಳ್ಳಬೇಕು. ಅದನ್ನು ಹಿಡಿದದ್ದು ನಾನೇ, ಮೇಡಂ ಅಲ್ಲ. ಸ್ವಲ್ಪ ಜಂಬ ಇದೆ, ಇರಲಿ.

ಹಾಗಂತ ಪೈಥಾನ್‌ಗೆ ಕನ್ನಡ ಬರುವುದಿಲ್ಲ ಅಂದುಕೊಳ್ಳಬೇಡಿ. ೧೨೩ ಅಂತ ಕನ್ನಡ ಅಂಕಿ ಕೊಟ್ಟು ಸಂಖ್ಯೆ ಮಾಡು ಅಂದರೆ ಚಕ್ ಅಂತ 123 ಮಾಡುತ್ತದೆ. ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದು. ನನ್ನ ಸ್ಕ್ರಿಪ್ಟಿನಲ್ಲಿ ‘ಗಾದೆ’, ‘ಪಟ್ಟಿ’, ‘ಎಣಿಕೆ’ ಅಂತಲೇ ಇವೆ. ಹುಡುಗ ಮೂಗು ಮುರಿಯುತ್ತಾನೆ. ಮುರಿಯಲಿ.

‘ಈಗ ಎಐ ಕೇಳಿದ್ರೆ ಬರೆದುಕೊಡತ್ತಲ್ಲ, ಯಾಕಿಷ್ಟು ಕಷ್ಟ?’ ಅಂತ ಮಗಳು ಕೇಳುತ್ತಾಳೆ. ಬರೆದುಕೊಡುತ್ತದೆ, ನಿಜ. ನಾನೂ ಕೇಳಿದ್ದೇನೆ. ಆದರೆ ಅದು ಆ ಹುಡುಗ ಮೊದಮೊದಲು ಬರೆದುಕೊಟ್ಟ ಇಪ್ಪತ್ತು ಸಾಲಿನ ಥರವೇ. ಓಡುತ್ತದೆ, ನಾಳೆ ನಿಲ್ಲುತ್ತದೆ, ಎಲ್ಲಿ ನಿಂತಿತು ಅಂತ ನನಗೆ ಗೊತ್ತಿರುವುದಿಲ್ಲ.

ಒಂದು ಮಾತು ಸಾಫ್ಟ್‌ವೇರಿನ ಮಕ್ಕಳಿಗೆ. ನಮ್ಮಂಥವರು ಕೇಳಿದಾಗ ಪೂರ್ತಿ ಬರೆದುಕೊಡಬೇಡಿ, ‘ಸಿಂಪಲ್ ಅಲ್ವಾ’ ಅಂತಲೂ ಅನ್ನಬೇಡಿ. ಗೊತ್ತಿಲ್ಲದಿದ್ದರೆ ಅದನ್ನು ಮುಚ್ಚಿಟ್ಟುಕೊಂಡು ಮನೆಗೆ ಹೋಗಿ ನೋಡಿ ಬಂದು ಉತ್ತರ ಹೇಳುತ್ತೀರಲ್ಲ, ಅದಂತೂ ಬೇಡವೇ ಬೇಡ. ನಮ್ಮೆದುರೇ ಹುಡುಕಿ. ನೀವು ಪದೇ ಪದೇ ತಪ್ಪು ಮಾಡುವುದನ್ನು ನಾವು ನೋಡಬೇಕು.

ಗಾದೆ ಪಟ್ಟಿ ಇನ್ನೂ ಮುಗಿದಿಲ್ಲ. ಅಮ್ಮ ಒಂದು ಕಡೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಬರೆದಿದ್ದಾರೆ, ಇನ್ನೊಂದು ಕಡೆ ‘ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು’ ಅಂತ. ಎರಡೂ ಒಂದೇ ಗಾದೆ ಅಂತ ನನಗೆ ಗೊತ್ತು. ಪೈಥಾನ್‌ಗೆ ಹೇಗೆ ಹೇಳುವುದು? ಎರಡು ಸಾಲು ಎಷ್ಟರಮಟ್ಟಿಗೆ ಹೋಲುತ್ತವೆ ಅಂತ ಅಳೆಯುವ ಡಿಫ್‌ಲಿಬ್ ಅನ್ನುವುದಿದೆ, ಅಲ್ಲಿತನಕ ನಾನೇ ಹೋಗಿದ್ದೇನೆ. ಎಷ್ಟು ಹೋಲಿದರೆ ಒಂದೇ ಅನ್ನಬೇಕು ಅಂತ ಹೊಳೆಯುತ್ತಿಲ್ಲ. ನಿನ್ನೆ ಕಾಂಪೌಂಡ್ ಆಚೆಯಿಂದ ಹುಡುಗನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲವಂತೆ. ಭಾನುವಾರ ಬರ್ತೀನಿ ಅಂದಿದ್ದಾನೆ. ಚಕ್ಕುಲಿ ಮಾಡಿಡಬೇಕು.