ಹಬ್ಬಕ್ಕೆ ಊರು ಸರಿ, ಗೆಳತಿಯರಿಗೆ ಯಾವಾಗ?

ಚೌತಿ ಹತ್ತಿರ ಬಂತೆಂದರೆ ನಮ್ಮ ಗೆಳತಿಯರ ವಾಟ್ಸಾಪ್ ಗ್ರೂಪ್ ತಣ್ಣಗಾಗುತ್ತದೆ. ಒಬ್ಬಳು ಉಡುಪಿಯಲ್ಲಿ, ಇನ್ನೊಬ್ಬಳು ಹುಬ್ಬಳ್ಳಿಯಲ್ಲಿ, ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲೇ ಉಳಿದವಳಿಗೆ ಮನೆ ತುಂಬ ನೆಂಟರು. ದೀಪಾವಳಿಗೂ ಅದೇ ಕತೆ. ಡಿಸೆಂಬರ್ ಕೊನೆಗೆ ಹೊರದೇಶದ ಮಕ್ಕಳು ಬರುತ್ತಾರೆ. ಏಪ್ರಿಲ್-ಮೇ ಬಂದರೆ ಊರಲ್ಲಿ ಮದುವೆ, ಉಪನಯನ, ನೇಮ. ರಜೆ ಅಂತ ಇರುವ ದಿನವನ್ನೆಲ್ಲ ಸಂಸಾರಕ್ಕೆ ಬರೆದುಕೊಟ್ಟಾಗಿದೆ. "ಹಬ್ಬ ಮುಗೀಲಿ, ಸಿಗೋಣ" ಅನ್ನುತ್ತಲೇ ವರ್ಷ ಕಳೆಯುತ್ತದೆ. ನನಗಂತೂ ಈಗೀಗ ಇದಕ್ಕೆ ಸಿಟ್ಟೇ ಬರುತ್ತದೆ. ಐವತ್ತರ ಆಚೀಚಿನ ಹೆಂಗಸರಿಗೆ ಗೆಳತಿಯರ ಜೊತೆ ಎರಡು ದಿನ ಬೇಕೇ ಬೇಕು. ಮನೆಯವರೆಲ್ಲರ ರಜೆ ಮುಗಿದು ಮಿಕ್ಕರೆ ಸಿಗುವ ದಿನ ಅಲ್ಲ, ಕ್ಯಾಲೆಂಡರಿನಲ್ಲಿ ಮೊದಲೇ ಗೀಟು ಹಾಕಿಟ್ಟ ದಿನ.

ನಮ್ಮದು ಲೋಕಲ್ ಟ್ರೇನಿನ ಸ್ನೇಹ. ಬೆಳಿಗ್ಗೆ ಸಿಎಸ್‌ಟಿ ಕಡೆಗೆ ಹೋಗುವ ಫಾಸ್ಟ್, ಲೇಡೀಸ್ ಡಬ್ಬ. ಮೂವರು ಕೂರುವ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತು, ಅರ್ಧ ಕಾಲಮೇಲೆ ಭಾರ ಹಾಕಿ ಠಾಣೆ ದಾಟಿದವರಿಗೆ ಗೊತ್ತು, ಆ ಫೋರ್ತ್ ಸೀಟು ಕೊಟ್ಟವಳ ಋಣ ಎಂಥದೆಂದು. ಸಂಜೆ ವಾಪಸು ಬರುವಾಗ ಗೋರಿಕಾಯಿ ಬಿಡಿಸುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ ಅತ್ತೆ, ಆಫೀಸು, ಗರ್ಭಪಾತ, ಚಿನ್ನದ ಚೀಟಿ ಎಲ್ಲ ಮಾತಾಡಿದ್ದೇವೆ. ನವರಾತ್ರಿಯಲ್ಲಿ ದಿನಕ್ಕೊಂದು ಬಣ್ಣದ ಸೀರೆ, ದಸರಾ ಮುಂಚೆ ಡಬ್ಬಕ್ಕೇ ಗೊಂಡೆಹೂವಿನ ಮಾಲೆ, ಪೇಡೆ. ಅಷ್ಟು ಇಕ್ಕಟ್ಟಿನಲ್ಲಿ ನಮಗೆ ಇದ್ದ ಬಿಡುವು ಮನೆಯ ಹಾಲಿನಲ್ಲಿ ಯಾವತ್ತೂ ಇರಲಿಲ್ಲ.

ಆಮೇಲೆ ಒಬ್ಬಳು ವಿಆರ್‌ಎಸ್ ತಗೊಂಡಳು, ಒಬ್ಬಳ ಆಫೀಸು ಐರೋಲಿಗೆ ಹೋಯಿತು, ಇನ್ನೊಬ್ಬಳು ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಳು. ಇಷ್ಟು ವರ್ಷ ನಮ್ಮ ಸ್ನೇಹಕ್ಕೆ ಟೈಂಟೇಬಲ್ ಹಾಕಿಕೊಟ್ಟಿದ್ದು ಸೆಂಟ್ರಲ್ ರೈಲ್ವೆ ಅಂತ ಆಗಲೇ ಗೊತ್ತಾಗಿದ್ದು.

ಊರಿಗೆ ಹೋಗಬೇಡಿ ಅನ್ನುತ್ತಿಲ್ಲ. ಆದರೆ ಒಂದು ವಿಚಿತ್ರ ನೋಡಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಆಗುವ ಮೊದಲು ಮುಂಬಯಿಯಿಂದ ಉಡುಪಿಗೆ ಹೋಗುವುದೆಂದರೆ ಬಸ್ಸು, ಘಾಟಿ, ವಾಂತಿ, ಎರಡು ದಿನ ಮೈಕೈ ನೋವು. ಹಾಗಾಗಿ ಹೋಗದಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಈಗ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಾಗ ಊರು. ರೈಲು ಬಂದು ಅನುಕೂಲವಾಯಿತು, ಜೊತೆಗೆ ನೆಪವೂ ಹೋಯಿತು. ಈಗ ಟಿಕೆಟು ತೆರೆಯುವುದು 60 ದಿನ ಮುಂಚೆ (2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು). ಆ ಬೆಳಿಗ್ಗೆ ಎಂಟು ಗಂಟೆಗೆ ಮನೆಮಂದಿಯೆಲ್ಲ ಒಂದೊಂದು ಮೊಬೈಲ್ ಹಿಡಿದು ಕೂರುತ್ತಾರೆ. ಕೊಟ್ಟೆ ಕಡುಬು ತಿನ್ನಲು ಇಷ್ಟು ಮುಂದಾಲೋಚನೆ ಇದೆ. ಅದನ್ನು ಬೇಯಿಸುವವಳ ಮಂಡಿಯ ಬಗ್ಗೆ ಒಂದು ದಿನದ್ದೂ ಇಲ್ಲ.

ಹಬ್ಬ ಅಂದರೆ ಹೆಂಗಸಿಗೆ ಕೆಲಸ, ಅದು ಹೊಸ ಮಾತಲ್ಲ. ಆದರೆ ಈ ವಯಸ್ಸಿನಲ್ಲಿ ಅದಕ್ಕೆ ಇನ್ನೊಂದು ಸೇರುತ್ತದೆ. ಕಡುಬಿನ ದೊಡ್ಡ ಪಾತ್ರೆಯ ಮುಚ್ಚಳ ತೆಗೆಯುತ್ತೀರಿ, ಹಬೆ ಮುಖಕ್ಕೆ ಹೊಡೆಯುತ್ತದೆ. ಅದೇ ಹೊತ್ತಿಗೆ ಎದೆಯಿಂದ ಕುತ್ತಿಗೆಗೆ ಬಿಸಿ ಏರುತ್ತದೆ, ಕಿವಿ ಕೆಂಡ, ಬೆನ್ನಿನ ರವಿಕೆ ಒದ್ದೆ. ಹಬೆಯದ್ದು ಯಾವುದು, ಮೈಯದ್ದು ಯಾವುದು ಅಂತ ತಿಳಿಯುವುದಿಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ ಸೆರಗಿನಿಂದ ಗಾಳಿ ಹಾಕಿಕೊಂಡರೆ ಒಳಗಿನಿಂದ ಕೇಳುತ್ತದೆ: "ಪಂಚಕಜ್ಜಾಯಕ್ಕೆ ಬೆಲ್ಲ ಕೆರೆದಾಯ್ತಾ?" ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಲವತ್ತಾರು-ನಲವತ್ತೇಳಕ್ಕೇ ಮುಟ್ಟು ನಿಲ್ಲುತ್ತದೆ, ಅದಕ್ಕೂ ಕೆಲವು ವರ್ಷ ಮುಂಚಿನಿಂದಲೇ ನಿದ್ದೆಗೇಡು, ಮರೆವು, ಭುಜ ಹಿಡಿದುಕೊಳ್ಳುವುದು ಶುರುವಾಗಬಹುದು. ಊರಿನ ಮನೆಯಲ್ಲಿ ಇದಕ್ಕೆಲ್ಲ ಸೇರಿಸಿ ಒಂದೇ ಹೆಸರು, "ಅವಳಿಗೆ ಈಗೀಗ ಸಿಟ್ಟು ಜಾಸ್ತಿ."

ಮುಂಚೆ ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ನುಂಗಿದವರು ನಾವು. ಈಗ ಅದು ನಿಂತರೆ ಹಿರಿಯರೊಬ್ಬರು ಸಮಾಧಾನ ಹೇಳುತ್ತಾರೆ: "ಒಳ್ಳೇದಾಯ್ತು ಬಿಡು, ಇನ್ನು ಎಲ್ಲ ಹಬ್ಬಕ್ಕೂ ಒಳಗೆ ಸಿಗ್ತಿ." ಒಬ್ಬ ಹೆಂಗಸಿನ ಮೈ ಪೂರ್ತಿ ಬದಲಾಗಿದ್ದಕ್ಕೆ ಸಂಸಾರ ಕಂಡುಕೊಂಡ ಲಾಭ ಇದು! ನಗುವುದೋ ಅಳುವುದೋ.

ಹೋದ ಚೌತಿಯಲ್ಲಿ ನಮ್ಮ ಗುಂಪಿನ ಮಂಗಳೂರಿನವಳಿಗೆ, ಮುಟ್ಟು ನಿಂತು ಎರಡು ವರ್ಷವಾದ ಮೇಲೆ, ಬಟ್ಟೆಯಲ್ಲಿ ರಕ್ತ ಕಂಡಿತು. ಊರಿನ ಮನೆ ತುಂಬ ಜನ. ಅತ್ತಿಗೆ, ನಾದಿನಿ, ಗಂಡ, ಮಗಳು ಎಲ್ಲ ಅಲ್ಲೇ ಇದ್ದರು. ಅವಳು ಬಚ್ಚಲಮನೆಯಲ್ಲಿ ಕೂತು ಮೆಸೇಜ್ ಮಾಡಿದ್ದು ನಮ್ಮ ಹುಬ್ಬಳ್ಳಿಯವಳಿಗೆ. "ಹಬ್ಬ ಮುಗೀಲಿ, ಮುಂಬಯಿಗೆ ಬಂದು ನೋಡ್ತೇನೆ" ಅಂತಲೂ ಸೇರಿಸಿದ್ದಳು. ಹುಬ್ಬಳ್ಳಿಯವಳು ಸುಮ್ಮನಿರುವ ಪೈಕಿ ಅಲ್ಲ. "ಹಬ್ಬ ಓಡಿ ಹೋಗಂಗಿಲ್ಲ, ನಾಳೆ ಡಾಕ್ಟರ್ ಹತ್ರ ಹೋಗ್ತಿಯೋ, ನಿನ್ ಗಂಡಗ ನಾನ ಫೋನ್ ಹಚ್ಲ್ಯೋ?" ಹೋದಳು. ಸ್ಕ್ಯಾನು, ಬಯಾಪ್ಸಿ ಎಲ್ಲ ಆಯಿತು. ಸಣ್ಣ ಪಾಲಿಪ್, ಅಪಾಯದ್ದಲ್ಲ. ಇದನ್ನು ಓದುತ್ತಿರುವವರು ದಯವಿಟ್ಟು ನೆನಪಿಡಿ: 12 ತಿಂಗಳು ಮುಟ್ಟಾಗದಿದ್ದರೆ ಪೂರ್ತಿ ನಿಂತಿದೆ ಅಂತ ಲೆಕ್ಕ. ಆಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕು, ಹಬ್ಬ ಇರಲಿ ಮದುವೆ ಇರಲಿ. ಮನೆಯವರು ಕೆಟ್ಟವರೇನಲ್ಲ. ಅವರಿಗೆ ಹೇಳಿದರೆ ಹಬ್ಬ ಹಾಳಾಗುತ್ತದೆ ಅನ್ನುವ ಹೆದರಿಕೆ ಅವಳಿಗೆ. ಗೆಳತಿಗೆ ಹೇಳಿದರೆ ಯಾರ ಹಬ್ಬವೂ ಹಾಳಾಗುವುದಿಲ್ಲ.

ಇನ್ನು ಕುಂದಾಪುರದ ಅಕ್ಕನ ವಿಷಯ. ನಮ್ಮೆಲ್ಲರಿಗಿಂತ ದೊಡ್ಡವರು. ಗಂಡ ಹೋದ ಮೇಲಿನ ಮೊದಲ ದೀಪಾವಳಿ. ವರ್ಷ ಕಳೆಯುವ ತನಕ ಹಬ್ಬ ಇಲ್ಲ ಅಂತ ನೆಂಟರೆಲ್ಲ ಬಹಳ ಶ್ರದ್ಧೆಯಿಂದ ಶಾಸ್ತ್ರ ಪಾಲಿಸಿದರು. ಅಂದರೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಇಡೀ ಬಿಲ್ಡಿಂಗಿಗೆ ಕಂದೀಲು, ಅವರ ಬಾಲ್ಕನಿ ಕತ್ತಲು. ನಾವು ಹೋದೆವು. ಹೋಗಬಹುದೋ ಬಾರದೋ ಅಂತ ನಾನು ಲಿಫ್ಟಿನಲ್ಲಿ ಇನ್ನೂ ಯೋಚಿಸುತ್ತಿದ್ದೆ. ಹುಬ್ಬಳ್ಳಿಯವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನುಗ್ಗಿ, "ಅಕ್ಕಾ, ನಾವು ಹಬ್ಬಕ್ಕ ಬಂದಿಲ್ರೀ, ಊಟಕ್ಕ ಬಂದೀವಿ. ಕುಕ್ಕರ್ ಎಲ್ಲೈತಿ?" ಅಂದಳು. ಅಕ್ಕ ನನ್ನ ಕಡೆ ತಿರುಗಿ, "ನೀನೆಂತ ಬಾಗಿಲಲ್ಲೇ ನಿಂತದ್ದು ಮಾರಾಯ್ತಿ, ಒಳಗೆ ಬಾ" ಅಂದರು. ಅತ್ತಿಗೆ ಬರಬೇಕಾದರೆ ಯಾವ ದಿನ, ಏನು ತರಬೇಕು, ಏನು ಉಡಬೇಕು ಅಂತೆಲ್ಲ ಇದೆ. ಗೆಳತಿಗೆ ಶಾಸ್ತ್ರದಲ್ಲಿ ಜಾಗವೇ ಇಲ್ಲ. ಜಾಗ ಇಲ್ಲದ್ದೇ ಎಷ್ಟು ಅನುಕೂಲ ಅಂತ ಅವತ್ತು ಕಂಡೆ.

ಇದೇ ಮಾತಿಗೆ ಇನ್ನೊಂದು. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಮುಂಬಯಿಯಲ್ಲಿ ಎಲ್ಲಿ ನೋಡಿದರೂ ಹಳದಿ-ಕುಂಕು, ಅಂದರೆ ಮುತ್ತೈದೆಯರನ್ನು ಮಾತ್ರ ಕರೆದು ಅರಿಶಿನ-ಕುಂಕುಮ, ಉಡುಗೊರೆ ಕೊಡುವುದು. ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳೂ ಮಾಡುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ನೂರು ವರ್ಷದ ಸಂಘಜೀವನ ಇದ್ದ ಊರು ನಮ್ಮದು. ಇಲ್ಲಿನ ಕನ್ನಡಿಗರಿಗೆ ನಾಟಕ, ಯಕ್ಷಗಾನ, ವಿದ್ಯಾರ್ಥಿವೇತನ ಯಾವುದಕ್ಕೂ ಕೊರತೆಯಾಗಿಲ್ಲ. ಆದರೆ ಕುಂದಾಪುರದ ಅಕ್ಕನಂಥವರು ಜನವರಿಯಲ್ಲಿ ತಾವಾಗಿಯೇ ಮನೆಯಲ್ಲಿ ಉಳಿಯುತ್ತಾರೆ, ನಾವು ಸ್ಟೀಲಿನ ಡಬ್ಬಿ ಉಡುಗೊರೆ ತಗೊಂಡು ಬರುತ್ತೇವೆ. ಹೆಸರು ಬದಲಿಸಿ ಎಲ್ಲರನ್ನೂ ಕರೆಯುವ ಒಂದು ಮಧ್ಯಾಹ್ನ ಇಟ್ಟರೆ ಸಂಘ ಮುಳುಗುವುದಿಲ್ಲ. ಬೇಕಾದರೆ ಒಬ್ಬ ಸ್ತ್ರೀರೋಗ ತಜ್ಞೆಯನ್ನೂ ಕರೆಸಲಿ. ನಾಲ್ಕು ಭಾಷಣ ಕಡಿಮೆ ಆದರೆ ಯಾರೂ ಅಳುವುದಿಲ್ಲ.

ನಮ್ಮ ಗುಂಪು ಈ ಸಲ ಮಾಥೇರಾನ್ ಗಿರಿಧಾಮ ಗೊತ್ತು ಮಾಡಿದೆ. ದೀಪಾವಳಿ ವಾರದಲ್ಲಿ ಅಲ್ಲ, ಆಗ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಹಬ್ಬ ಕಳೆದ ಮೇಲಿನ ಮಂಗಳವಾರ, ಬುಧವಾರ. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರೆ ಆಯಿತು. ಅಲ್ಲಿಂದ ಶೇರ್ ಟ್ಯಾಕ್ಸಿ ದಸ್ತೂರಿವರೆಗೆ. ಅದರಾಚೆ ಕಾರು ಬಿಡುವುದಿಲ್ಲ. ಮಂಡಿ ನೋವಿನವರಿಗೆ ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಪುಟ್ಟ ರೈಲು ಇದೆ. ಉಳಿದವರು ಕೆಂಪು ಮಣ್ಣಿನಲ್ಲಿ ನಡೆದರೆ ಸರಿ. ಕೈಚೀಲದಲ್ಲಿ ತಿಂಡಿ ತೋರಿಸಬೇಡಿ, ಮಂಗಗಳು ಬಿಡುವುದಿಲ್ಲ. ಅತ್ತೆಯನ್ನು ನೋಡಿಕೊಳ್ಳುವವಳು ಹೇಗೆ ಬರುತ್ತಾಳೆ ಅನ್ನುವುದೇ ದೊಡ್ಡ ತಲೆನೋವಾಗಿತ್ತು. ಎರಡು ದಿನಕ್ಕೆ ಆಯಾ ಇಡುವ ಖರ್ಚನ್ನು ಎಲ್ಲರ ಮೇಲೂ ಹಂಚಿದ್ದೇವೆ. ರೂಮಿನ ಖರ್ಚಿನ ಹಾಗೆ ಅದೂ ಪ್ರವಾಸದ ಖರ್ಚೇ.

ತಮಾಷೆ ಏನೆಂದರೆ, ಇದೇ ಎರಡು ದಿನ ಶಿರಡಿಗೋ ಧರ್ಮಸ್ಥಳಕ್ಕೋ ಅಂದಿದ್ದರೆ ಯಾವ ಮನೆಯಲ್ಲೂ ಪ್ರಶ್ನೆ ಇಲ್ಲ, ಮೇಲೆ ಕಾಣಿಕೆ ದುಡ್ಡನ್ನೂ ಕೊಟ್ಟು ಕಳಿಸುತ್ತಿದ್ದರು. ಮಾಥೇರಾನ್ ಅಂದಿದ್ದಕ್ಕೆ "ಅಲ್ಲೇನಿದೆ?" ಅಂತ ಕೇಳಿದರು. ಏನೂ ಇಲ್ಲ ಮಾರಾಯ್ರೆ, ಅದಕ್ಕೇ ಹೋಗುವುದು.

ನಮ್ಮೆಜಮಾನರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ನಾವು ಗಂಡಸರೂ ಬಂದರೆ ಚೆನ್ನಾಗಿರುತ್ತಲ್ಲ?" ಬೇಡ ಅಂದೆ. ನೀವು ಬಂದರೆ ಬಿಪಿ ಮಾತ್ರೆ ಎಲ್ಲಿ, ಚಾರ್ಜರ್ ಎಲ್ಲಿ ಅಂತ ಹುಡುಕುವುದರಲ್ಲೇ ಮಂಗಳವಾರ ಮುಗಿಯುತ್ತದೆ. ಫ್ರಿಜ್ಜಿನಲ್ಲಿ ಸಾರು ಇಟ್ಟು ಹೋಗುತ್ತೇನೆ, ಅನ್ನ ನೀವೇ ಮಾಡಿಕೊಳ್ಳಿ.